ಭಂಗಾರದೊಳಗಿನ ಬಂಗಾರ, ಬಂಗಾರದೊಳಗಿನ ವಿಷ

(ಯಡೂರಿನಲ್ಲಿ ಶ್ರೀಮಠದ ಮಹೋತ್ಸವ ಪ್ರಸಂಗದಲ್ಲಿ ಮಾಡಿದ ಭಾಷಣ)



ಈ ಮಂಗಲ ಮಹೋತ್ಸವದಲ್ಲಿ ನಾಲ್ಕು ಮಾತುಗಳನ್ನಾಡಬೇಕೆಂದು ಶ್ರೀಮಠದ ಅಪ್ಪಣೆಯಾದಾಗ ನನಗೆ ಸಂತೋಷವೂ ಸಂಕೋಚವೂ ಕೂಡಿಯೇ ಆದವು. ನಾನು ಶಾಸ್ತ್ರಗಳನ್ನೋದಿದವನಲ್ಲ, ಮೂವತ್ತು ವರ್ಷ ಹಳ್ಳಿಯ ಶಾಲೆಗಳಲ್ಲಿ ವಿಜ್ಞಾನವನ್ನು ಕಲಿಸಿ ನಿವೃತ್ತನಾದ ಒಬ್ಬ ಮಾಸ್ತರನು. ಶಿವಾನುಭವದ ಮಾತನ್ನಾಡಲು ನನಗಿಂತ ನೂರು ಪಾಲು ಯೋಗ್ಯರಾದವರು ಈ ವೇದಿಕೆಯ ಮೇಲಿರುವರು. ಆದಕಾರಣ ನಾನು ಬಲ್ಲ ವಿಷಯವನ್ನೇ, ಅದೂ ತೀರ ಹೊಲಸಿನ ವಿಷಯವನ್ನೇ, ಈ ಪವಿತ್ರ ಸ್ಥಳದಲ್ಲಿ ಎತ್ತಿಕೊಂಡಿರುವೆನು. ಅದು ಕಸದ ವಿಷಯವು. ಸಾಮಾನ್ಯ ಕಸವಲ್ಲ, ಕೆಟ್ಟ ಮೊಬೈಲು, ಒಡೆದ ಟೀವಿ, ಸುಟ್ಟ ಸ್ಟಾರ್ಟರು, ಸತ್ತ ಬ್ಯಾಟರಿ, ಹರಿದ ವಾಯರು ಇವುಗಳ ಕಸವು. ಬಲ್ಲವರು ಇದನ್ನು ವಿದ್ಯುನ್ಮಾನ ತ್ಯಾಜ್ಯವೆಂದೂ, ಚಿಕ್ಕದಾಗಿ ಇ-ತ್ಯಾಜ್ಯವೆಂದೂ ಕರೆಯುವರು.

ನಮ್ಮ ಗಡಿಯ ಊರುಗಳಲ್ಲಿ ಮೋಡಕಾ ಸಾಮಾನಿಗೆ ಇನ್ನೊಂದು ಹೆಸರುಂಟು. ಮರಾಠಿಯಿಂದ ಬಂದ ‘ಭಂಗಾರ’ವೆಂಬ ಮಾತು ಅದು. ಕನ್ನಡದ ಬಂಗಾರಕ್ಕೂ ಈ ಭಂಗಾರಕ್ಕೂ ಒಂದು ಮಹಾಪ್ರಾಣದಷ್ಟೇ ಅಂತರವು. ಇದು ಬರಿಯ ಶಬ್ದಚಮತ್ಕಾರವಲ್ಲ. ಈ ಭಂಗಾರದಲ್ಲಿ ನಿಜವಾಗಿಯೂ ಬಂಗಾರವಿರುವದು. ಆ ಬಂಗಾರದ ಮಗ್ಗುಲಲ್ಲಿಯೇ ವಿಷವೂ ಇರುವದು. ಯಾವದು ನಮ್ಮ ಪಾಲಿಗೆ ಬರಬೇಕೆಂಬುದು ಅದನ್ನು ಒಡೆಯುವ ಕೈಯನ್ನು ಅವಲಂಬಿಸಿದೆ. ನಾನು ಇಂದು ಹೇಳಬೇಕೆಂದಿರುವದು ಈ ಒಂದೇ ಮಾತನ್ನು.

ಸನ್ ೨೦೧೯ರ ಆಗಸ್ಟ ತಿಂಗಳನ್ನು ಇಲ್ಲಿ ಕುಳಿತ ಯಾರೂ ಮರೆತಿರಲಾರರು. ಮಹಾಬಳೇಶ್ವರದಲ್ಲಿ ಹುಟ್ಟಿದ ತಾಯಿ ಕೃಷ್ಣೆಯು ಸಾಂಗಲಿಯನ್ನು ಮುಳುಗಿಸಿ ನಮ್ಮ ಮೇಲೆ ಬಂದಳು. ಮಳೆಗಾಲದಲ್ಲಿ ಕಲ್ಲೋಳ-ಯಡೂರು ಸೇತುವೆಯು ನೀರಲ್ಲಿ ಮುಳುಗುವದು ನಮಗೆ ಹೊಸದಲ್ಲ. ಆದರೆ ಆ ವರ್ಷ ಮನೆಗಳೇ ಮುಳುಗಿದವು. ನೀರು ಇಳಿದ ಮೇಲೆ ನಾವು ಕೆಸರು ಬಳಿದೆವು, ಗೋಡೆ ಕಟ್ಟಿದೆವು, ಕಬ್ಬನ್ನು ಮತ್ತೆ ಹಚ್ಚಿದೆವು. ನೀರು ಹೊಕ್ಕ ಟೀವಿ, ಫ್ರಿಜ್ಜು, ಮಿಕ್ಸರು, ದಂಡೆಯ ಪಂಪಸೆಟ್ಟಿನ ಸ್ಟಾರ್ಟರು, ಇನ್ವರ್ಟರಿನ ಬ್ಯಾಟರಿ ಇವೆಲ್ಲವೂ ಏನಾದವೆಂದು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ನನ್ನ ಮನೆಯ ಹಳೆಯ ದಪ್ಪ ಟೀವಿಯನ್ನು ತೂಕದ ಮೇಲೆ ಕೊಟ್ಟು ಕೈ ತೊಳೆದುಕೊಂಡೆನು. ಎಂಟು ದಿನಗಳ ಮೇಲೆ ನಸುಕಿನಲ್ಲಿ ಹೊಳೆಯ ಕಡೆಗೆ ಹೋದಾಗ ಅದರ ಗಾಜನ್ನು ಹಳ್ಳದಲ್ಲಿ ಕಂಡೆನು. ತಾಮ್ರವನ್ನು ಕಿತ್ತುಕೊಂಡು ಉಳಿದುದನ್ನು ಯಾರೋ ಅಲ್ಲಿ ಚೆಲ್ಲಿದ್ದರು. ಅಂಥ ಹಳೆಯ ಟೀವಿಯೊಂದರ ಗಾಜಿನಲ್ಲಿ ಒಂದೆರಡು ಕಿಲೋದಷ್ಟು ಸೀಸವಿರುವದೆಂಬುದನ್ನು ಬಲ್ಲವನು ನಾನು. ಆ ಹಳ್ಳವು ಸೇರುವದು ಕೃಷ್ಣೆಯನ್ನೇ.

ಈ ಯಂತ್ರಗಳ ಹೊಟ್ಟೆಯೊಳಗೆ ಏನೇನಿರುವದು? ಬ್ಯಾಟರಿಯಲ್ಲಿಯೂ ಬೆಸುಗೆಯಲ್ಲಿಯೂ ಸೀಸವು. ಟ್ಯೂಬ್ ಲೈಟಿನಲ್ಲಿಯೂ ಸುರುಳಿಯ ಬಲ್ಬಿನಲ್ಲಿಯೂ ಪಾದರಸವು. ಕೆಲವು ಹಳೆಯ ಸೆಲ್ಲುಗಳಲ್ಲಿ ಕ್ಯಾಡ್ಮಿಯಮ್ಮು. ಪ್ಲಾಸ್ಟಿಕ್ಕಿಗೆ ಬೆಂಕಿ ಹತ್ತದಿರಲೆಂದು ಬೆರೆಸಿದ ಬ್ರೋಮೀನಿನ ಸಂಯುಕ್ತಗಳು. ಯಂತ್ರವು ಇಡಿಯಾಗಿರುವವರೆಗೆ ಇವು ಹೆಚ್ಚಾಗಿ ಒಳಗೇ ಇರುವವು. ಬುಟ್ಟಿಯೊಳಗಿನ ಹಾವಿನಂತೆ ಯಾರನ್ನೂ ಕಚ್ಚವು. ಸುತ್ತಿಗೆಯಿಂದ ಒಡೆದಾಗ, ಬೆಂಕಿಯಲ್ಲಿ ಸುಟ್ಟಾಗ, ಆಮ್ಲದಲ್ಲಿ ಅದ್ದಿದಾಗ, ನೀರಿಗೆ ಎಸೆದಾಗ ಮಾತ್ರ ಬುಟ್ಟಿಯ ಮುಚ್ಚಳವು ತೆರೆಯುವದು.

ಇಲ್ಲಿ ನನ್ನದೊಂದು ತಪ್ಪೊಪ್ಪಿಗೆಯನ್ನು ಮಾಡಲೇಬೇಕಾಗಿದೆ. ಹುಡುಗನಾಗಿದ್ದಾಗ ನಾನೂ ನನ್ನ ಗೆಳೆಯರೂ ಮೋಟಾರಿನ ಹಳೆಯ ವಾಯರುಗಳನ್ನು ಆರಿಸಿ ತಂದು ಹೊಳೆಯ ದಂಡೆಯಲ್ಲಿ ಸುಡುತ್ತಿದ್ದೆವು. ಕರಿಯ ಹೊಗೆಯು ಸುರುಳಿ ಸುರುಳಿಯಾಗಿ ಏಳುತ್ತಿತ್ತು. ಬೂದಿಯೊಳಗೆ ಕೆಂಪಗೆ ತಾಮ್ರವು ಹೊಳೆಯುತ್ತಿತ್ತು. ಅದನ್ನು ಮಾರಿದ ದುಡ್ಡಿನಿಂದ ಜಾತ್ರೆಯಲ್ಲಿ ಬೆಂಡು-ಬತ್ತಾಸು ತಿನ್ನುತ್ತಿದ್ದೆವು. ಮುಂದೆ ಮಾಸ್ತರನಾದೆನು, ಸೀಸದ ಸಂಕೇತವನ್ನೂ ಪಾದರಸದ ಸಂಕೇತವನ್ನೂ ಮೂವತ್ತು ವರ್ಷ ಹಲಗೆಯ ಮೇಲೆ ಬರೆದೆನು, ಮಕ್ಕಳಿಂದ ಬಾಯಿಪಾಠ ಮಾಡಿಸಿದೆನು. ಆದರೆ ‘ಮಕ್ಕಳೇ, ವಾಯರು ಸುಡಬೇಡಿರಿ’ ಎಂಬ ಒಂದು ಮಾತನ್ನು ಒಂದು ದಿನವೂ ಹೇಳಲಿಲ್ಲ. ಪುಸ್ತಕದಲ್ಲಿಯ ಸೀಸಕ್ಕೂ ಹಳ್ಳದಲ್ಲಿಯ ಸೀಸಕ್ಕೂ ನನ್ನ ಮನಸ್ಸಿನಲ್ಲಿ ಸಂಬಂಧವೇ ಇರಲಿಲ್ಲ. ಈಚೆಗೆ ನನ್ನ ಮೊಮ್ಮಗನ ವಾರಿಗೆಯ ಹುಡುಗರು ಅದೇ ದಂಡೆಯಲ್ಲಿ ಅದೇ ಹೊಗೆಯನ್ನು ಎಬ್ಬಿಸುತ್ತಿದ್ದುದನ್ನು ಕಂಡು ನಾನು ನಾಚಿದೆನು. ಆ ನಾಚಿಕೆಯೇ ಇಂದಿನ ಭಾಷಣದ ಮೂಲವು.

ವಾಯರಿನ ಹೊದಿಕೆಯು ಕ್ಲೋರಿನ್ನಿನಿಂದ ಕೂಡಿದ ಪ್ಲಾಸ್ಟಿಕ್ಕು. ಅದು ಬಯಲ ಬೆಂಕಿಯಲ್ಲಿ ಅರೆಬರೆಯಾಗಿ ಸುಟ್ಟಾಗ ಡಯಾಕ್ಸಿನ್ನೆಂಬ ಘೋರ ವಿಷವು ಹುಟ್ಟುವದು. ಹೊಗೆಯು ಗಾಳಿಗೆ ಹಾರಿ ಮಾಯವಾಯಿತೆಂದು ನಾವು ತಿಳಿಯುವೆವು, ಅದು ಮಾಯವಾಗುವದಿಲ್ಲ. ಹುಲ್ಲಿನ ಮೇಲೆ ಕೂಡ್ರುವದು. ಹುಲ್ಲನ್ನು ಎಮ್ಮೆ ಮೇಯುವದು. ಎಮ್ಮೆಯ ಕೊಬ್ಬಿನಲ್ಲಿ ನಿಂತು ಹಾಲಿನ ಕೆನೆಯಲ್ಲಿ ಇಳಿಯುವದು. ದಂಡೆಯಲ್ಲಿ ಸುಟ್ಟದ್ದು ನಮ್ಮ ಮನೆಯ ಬೋಗುಣಿಗೆ ಬರುವ ದಾರಿಯು ಇದು.

ಸೀಸದ ಮಾತು ಇದಕ್ಕಿಂತಲೂ ಹತ್ತಿರದ್ದು. ಮೈಯು ಸೀಸವನ್ನು ಸುಣ್ಣದ ಅಂಶವೆಂದು ಭ್ರಮಿಸಿ ಎಲುಬಿನಲ್ಲಿ ಕೂಡಿಡುವದು. ಒಂದೇ ಪ್ರಮಾಣದ ಸೀಸವು ಹೊಟ್ಟೆಗೆ ಹೋದರೆ ದೊಡ್ಡವರಿಗಿಂತ ಎಳೆಯ ಮಕ್ಕಳ ಮೈಯು ನಾಲ್ಕೈದು ಪಟ್ಟು ಹೆಚ್ಚಾಗಿ ಹೀರಿಕೊಳ್ಳುವದೆಂದು ಜಾಗತಿಕ ಆರೋಗ್ಯ ಸಂಸ್ಥೆಯು ಹೇಳುತ್ತದೆ. ಇಷ್ಟು ಸೀಸವು ಮೈಯಲ್ಲಿದ್ದರೆ ಬಾಧೆಯಿಲ್ಲವೆಂಬ ಮಿತಿಯೇ ತಿಳಿದಿಲ್ಲವೆಂಬುದೂ ಅದರ ಮಾತೇ. ಬುದ್ಧಿಯು ಮಂದವಾಗುವದು, ರಕ್ತವು ಕುಂದುವದು, ಮೂತ್ರಪಿಂಡವು ಕೆಡುವದು. ತಾಯಿಯ ಎಲುಬಿನಲ್ಲಿ ವರ್ಷಗಟ್ಟಲೆ ಕೂಡಿದ ಸೀಸವು ಬಸುರಿಯಾದಾಗ ಕರಗಿ ಗರ್ಭದ ಕೂಸಿಗೂ ಮುಟ್ಟುವದು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಮಹಾವಿದ್ಯಾಲಯದಲ್ಲಿ ಜೀವರಸಾಯನದ ಪ್ರಾಧ್ಯಾಪಕರಾಗಿದ್ದ ಡಾಕ್ಟರ್ ತುಪ್ಪಿಲ್ ವೆಂಕಟೇಶ ಅವರು ಈ ಸೀಸದ ಬಾಧೆಯನ್ನು ಜನರಿಗೆ ತಿಳಿಸುವದರಲ್ಲಿಯೇ ಬಾಳಿನ ಬಹುಭಾಗವನ್ನು ಸವೆಸಿದರು. ಸನ್ ೨೦೦೦ದಲ್ಲಿ ನಮ್ಮ ದೇಶದ ಪೆಟ್ರೋಲಿನಿಂದ ಸೀಸವನ್ನು ತೆಗೆದುಹಾಕಲಾಯಿತು. ಎಂದರೆ, ಮನಸ್ಸು ಮಾಡಿದರೆ ಈ ಶತ್ರುವನ್ನು ಹೊರಗಟ್ಟಬಹುದು. ಪೆಟ್ರೋಲಿನಿಂದ ಹೊರಗೆ ಹೋದುದನ್ನು ಬ್ಯಾಟರಿ ಒಡೆಯುವ ಅಂಗಳದಿಂದ ಮರಳಿ ಮನೆಗೆ ಕರೆಯುವದು ಯಾವ ಜಾಣತನವು?

ನೀರಿಗೆ ಚೆಲ್ಲಿದ ವಿಷವು ಎಲ್ಲಿಗೆ ಹೋಗುವದೆಂಬುದಕ್ಕೆ ಜಪಾನ ದೇಶದ ಮಿನಮಾಟಾ ಎಂಬ ಊರು ಸಾಕ್ಷಿಯು. ಅಲ್ಲಿಯ ಕಾರಖಾನೆಯೊಂದು ಪಾದರಸ ಬೆರೆತ ನೀರನ್ನು ಸಮುದ್ರಕ್ಕೆ ಬಿಟ್ಟಿತು. ಮೀನು ಅದನ್ನು ನುಂಗಿತು. ಜನರು ಮೀನನ್ನು ತಿಂದರು. ಸನ್ ೧೯೫೬ರಲ್ಲಿ ಆ ರೋಗವು ಬೆಳಕಿಗೆ ಬಂದಿತು. ಕೈಕಾಲು ಸೆಟೆದು, ಕಣ್ಣು-ಕಿವಿ ಮಂದವಾಗಿ ಜನರು ಸತ್ತರು. ನಮ್ಮ ಕೃಷ್ಣೆಯು ಯಡೂರಿಗೆ ಮುಗಿಯುವದಿಲ್ಲ. ಆಲಮಟ್ಟಿ, ನಾರಾಯಣಪುರಗಳನ್ನು ದಾಟಿ ಅವಳು ಮುಟ್ಟುವದು ಶ್ರೀಶೈಲದ ಅಡಿಯನ್ನು. ಯುಗಾದಿಗೆ ನಮ್ಮ ಭಾಗದ ಭಕ್ತರು ಕಂಬಿಯನ್ನು ಹೊತ್ತು, ಕಾಲಲ್ಲಿ ಬೊಬ್ಬೆಯೆದ್ದರೂ ನಡೆದು ಹೋಗುವದು ಅದೇ ಕ್ಷೇತ್ರಕ್ಕಲ್ಲವೇ? ನಾವು ಭಕ್ತಿಯಿಂದ ನಡೆದು ಹೋಗುವ ಸ್ಥಳದ ದಾರಿಯಲ್ಲಿಯೇ ನಮ್ಮ ಹೊಲಸೂ ನಡೆದು ಹೋಗುವದು. ದಾರಿಯಲ್ಲಿ ಎಲ್ಲೆಲ್ಲಿ ಕೆಸರಿನಲ್ಲಿ ನಿಲ್ಲುವದೋ ಅಲ್ಲಲ್ಲಿಯ ಊರಿನವರಿಗೆ ಅದು ನಮ್ಮ ಕಾಣಿಕೆಯು.

ಇನ್ನು ಬಂಗಾರದ ಮಾತು. ಕೋಲಾರದ ಚಿನ್ನದ ಗಣಿಗಳು ನೂರಿಪ್ಪತ್ತು ವರ್ಷ ನಡೆದು ಸನ್ ೨೦೦೧ರಲ್ಲಿ ಮುಚ್ಚಿದವು. ಹಟ್ಟಿಯ ಗಣಿಯು ಇಂದಿಗೂ ನಡೆದಿದೆ. ಒಂದು ಟನ್ನು ಕಲ್ಲನ್ನು ಅರೆದರೆ ಸಿಗುವ ಚಿನ್ನವು ಕೆಲವೇ ಗ್ರಾಮು. ಅದೇ ಒಂದು ಟನ್ನು ಕೆಟ್ಟ ಮೊಬೈಲುಗಳಿಂದ ಇನ್ನೂರು-ಮುನ್ನೂರು ಗ್ರಾಮಿನವರೆಗೆ ಚಿನ್ನವು ದೊರೆಯಬಲ್ಲದು. ಸನ್ ೨೦೨೧ರಲ್ಲಿ ಟೋಕಿಯೋದಲ್ಲಿ ನಡೆದ ಒಲಿಂಪಿಕ್ ಕ್ರೀಡೆಗಳ ಸುಮಾರು ೫,೦೦೦ ಪದಕಗಳನ್ನೂ ಜಪಾನಿನವರು ಜನರು ಬಿಟ್ಟುಕೊಟ್ಟ ಹಳೆಯ ಮೊಬೈಲು ಮೊದಲಾದ ಯಂತ್ರಗಳ ಲೋಹದಿಂದಲೇ ಮಾಡಿದರು. ಆದರೆ ಸಂದಿಯಲ್ಲಿ ಕುಳಿತು ಆಮ್ಲದ ಬಕೀಟಿನಲ್ಲಿ ಹಲಗೆಗಳನ್ನು ಅದ್ದುವವನಿಗೆ ಆ ಚಿನ್ನದ ಬಹುಭಾಗವು ಸಿಗುವದೇ ಇಲ್ಲ. ಹೊಗೆಯು ಅವನ ಎದೆಗೂ, ಆಮ್ಲವು ಊರ ಗಟಾರಕ್ಕೂ ಸೇರುವದು. ಲಾಭವು ಕಡಿಮೆ, ಹಾನಿಯು ಪೂರ್ತಿ. ಸನ್ ೨೦೨೨ರಲ್ಲಿ ಇಡೀ ಜಗತ್ತಿನಲ್ಲಿ ಹುಟ್ಟಿದ ಇಂಥ ಕಸವು ೬.೨ ಕೋಟಿ ಟನ್ನು. ಅದರಲ್ಲಿ ಸರಿಯಾಗಿ ಕೂಡಿಸಿ ಸಂಸ್ಕರಿಸಿದ್ದು ಲೆಕ್ಕಕ್ಕೆ ಸಿಕ್ಕುದು ನೂರಕ್ಕೆ ಇಪ್ಪತ್ತೆರಡು ಪಾಲು ಮಾತ್ರ ಎಂದು ವಿಶ್ವಸಂಸ್ಥೆಯ ಗಣನೆಯು ಹೇಳುತ್ತದೆ.

ಕಾಯದೆಯಿಲ್ಲವೇ ಎಂದು ಕೇಳುವಿರಿ, ಉಂಟು. ಸನ್ ೨೦೧೧ರಲ್ಲಿ ಮೊದಲ ನಿಯಮಗಳಾದವು. ೨೦೧೬ರಲ್ಲಿ ತಿದ್ದಿ ಬರೆದರು. ೨೦೨೨ರ ನಿಯಮಗಳು ೨೦೨೩ರ ಏಪ್ರಿಲ್ ೧ರಿಂದ ಜಾರಿಯಲ್ಲಿವೆ. ೧೦೬ ಬಗೆಯ ಸಾಮಾನುಗಳು ಅದರಲ್ಲಿ ಸೇರಿವೆ. ಸಾಮಾನನ್ನು ತಯಾರಿಸಿದವನೇ ಅದರ ಕೊನೆಯ ಸಂಸ್ಕಾರಕ್ಕೂ ಹೊಣೆಯೆಂಬುದು ಈ ನಿಯಮಗಳ ಸಾರವು. ಬ್ಯಾಟರಿಗಳಿಗೆ ೨೦೨೨ರಲ್ಲಿ ಬೇರೆ ನಿಯಮಗಳೇ ಆದವು. ನಮ್ಮ ರಾಜ್ಯವು ಈ ಕೆಲಸದಲ್ಲಿ ಹಿಂದೆ ಬಿದ್ದುದಲ್ಲ. ಬೆಂಗಳೂರಿನ ಹತ್ತಿರ ಡಾಬಸ್‌ಪೇಟೆಯಲ್ಲಿ ‘ಇ-ಪರಿಸರ’ವೆಂಬ ಸಂಸ್ಥೆಯು ೨೦೦೫ರಲ್ಲಿಯೇ ಸರಕಾರದ ಮನ್ನಣೆ ಪಡೆದು ಇಂಥ ಕಸವನ್ನು ಬಿಡಿಸಿ ಸಂಸ್ಕರಿಸುವ ಉದ್ಯೋಗವನ್ನು ಆರಂಭಿಸಿತು. ಆದರೆ ಡಾಬಸ್‌ಪೇಟೆಯೆಲ್ಲಿ, ನಮ್ಮ ಯಡೂರೆಲ್ಲಿ! ಒಂದು ಕೆಟ್ಟ ಮೊಬೈಲನ್ನು ಹಿಡಿದುಕೊಂಡು ಯಾವ ರೈತನು ಅಲ್ಲಿಗೆ ಹೋದಾನು? ಕಾಯದೆಯು ರಾಜಧಾನಿಯಲ್ಲಿ ಹುಟ್ಟುವದು. ಕಸವು ನಮ್ಮ ಹಿತ್ತಲಲ್ಲಿ ಹುಟ್ಟುವದು. ಇವೆರಡರ ನಡುವಿನ ದಾರಿಯನ್ನು ನಾವೇ ಹಾಕಬೇಕಾಗಿದೆ.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಇದನ್ನೆಲ್ಲ ಕೇಳಿ ಯಾರೂ ಮೋಡಕಾ ಕೊಳ್ಳುವ ಬಡವನನ್ನು ಹಳಿಯಬಾರದು. ಬಿಸಿಲಿನಲ್ಲಿ ಸೈಕಲ್ಲು ತಳ್ಳುತ್ತ ಮನೆಮನೆಯ ಮುಂದೆ ಕೂಗುವ ಅವನದೂ ಕಾಯಕವೇ. ನಾವು ಬಿಸಾಟದ್ದನ್ನು ಅವನು ಆರಿಸದಿದ್ದರೆ ಊರು ಎಂದೋ ಹೂತುಹೋಗುತ್ತಿತ್ತು. ಅವನು ಒಡೆಯುವದು ದುಷ್ಟತನದಿಂದಲ್ಲ. ಇಡಿಯ ಸಾಮಾನಿಗಿಂತ ಬಿಡಿಸಿದ ತಾಮ್ರಕ್ಕೆ ನಾಲ್ಕು ದುಡ್ಡು ಹೆಚ್ಚು ಬರುವದರಿಂದ. ಆ ನಾಲ್ಕು ದುಡ್ಡಿನ ಸಲುವಾಗಿ ಅವನ ಹೆಂಡಿರು-ಮಕ್ಕಳು ಮೊದಲು ವಿಷವನ್ನುಣ್ಣುವರು. ನಮ್ಮ ಸರತಿಯು ಆಮೇಲೆ. ಆದುದರಿಂದ ಅವನನ್ನು ಓಡಿಸುವದು ಪರಿಹಾರವಲ್ಲ. ಒಡೆಯದೆ ತಂದುಕೊಟ್ಟರೆ ಆ ನಾಲ್ಕು ದುಡ್ಡನ್ನು ಊರು ತುಂಬಿಕೊಡುವದೇ ಪರಿಹಾರವು. ಇದಕ್ಕಿಂತ ಹೆಚ್ಚಿನ ದಾಸೋಹವನ್ನು ಇಂದಿನ ಕಾಲದಲ್ಲಿ ನಾನು ಕಾಣೆನು.

ಹಾಗಾದರೆ ಮಾಡತಕ್ಕದ್ದೇನು? ನನ್ನ ವಿಜ್ಞಾಪನೆಗಳು ಸಣ್ಣವು. ಮೊದಲನೆಯದು: ಬೇಗನೆ ಕೊಳ್ಳಬಾರದು, ಬೇಗನೆ ಬಿಸಾಡಬಾರದು, ದುರಸ್ತಿಯಾಗುವದನ್ನು ದುರಸ್ತಿ ಮಾಡಿಸಬೇಕು. ಎರಡನೆಯದು: ಒಡೆಯಬಾರದು, ಸುಡಬಾರದು, ಹೊಳೆಗೆ ಎಸೆಯಬಾರದು. ಮೂರನೆಯದು: ಸತ್ತ ಬ್ಯಾಟರಿಯನ್ನು ಹೊಸದನ್ನು ಕೊಳ್ಳುವ ಅಂಗಡಿಗೇ ತಿರುಗಿ ಕೊಡಬೇಕು. ನಾಲ್ಕನೆಯದು ಶ್ರೀಮಠದ ಪಾದಕ್ಕೆ. ಅಮಾವಾಸ್ಯೆಗೆ, ಜಾತ್ರೆಗೆ ಸುತ್ತಿನ ಊರುಗಳ ಜನರು ಹೇಗೂ ಇಲ್ಲಿಗೆ ಬರುವರು. ಮಳೆ ತಾಗದ, ಮಕ್ಕಳ ಕೈಗೆ ಎಟುಕದ ಒಂದು ಕೋಣೆಯನ್ನು ಇದಕ್ಕೆಂದು ಬಿಟ್ಟುಕೊಟ್ಟರೆ, ಬರುವವರು ತಮ್ಮ ಮನೆಯ ಕೆಟ್ಟ ಯಂತ್ರಗಳನ್ನು ಇಡಿಯಾಗಿ ತಂದು ಇಡುವರು. ಉಬ್ಬಿದ ಮೊಬೈಲ್ ಬ್ಯಾಟರಿಯು ತಾನಾಗಿ ಉರಿಯಬಲ್ಲದಾದ್ದರಿಂದ ಅದನ್ನು ಬೇರೆಯಾಗಿ, ಒಣ ಉಸುಕಿನಲ್ಲಿ ಇಡಬೇಕು. ಒಂದು ಗಾಡಿ ತುಂಬುವಷ್ಟಾದಾಗ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆ ಪಡೆದ ಸಂಸ್ಥೆಗೆ ಕಳಿಸಿ, ಅದರ ರಸೀದಿಯನ್ನು ಎಲ್ಲರಿಗೂ ಕಾಣುವಂತೆ ಗೋಡೆಗೆ ಹಚ್ಚಬೇಕು. ಬಂದ ಹಣದಲ್ಲಿ ಮೋಡಕಾದವನ ಪಾಲು ಮೊದಲು.

ಮೊಬೈಲಿಗೆ ಕನ್ನಡದಲ್ಲಿ ‘ಜಂಗಮವಾಣಿ’ಯೆಂದು ಯಾರೋ ಚೆಲುವಾದ ಹೆಸರನ್ನಿಟ್ಟಿರುವರು. ಆದರೆ ಕೆಟ್ಟ ಮೇಲೆ ಅದು ನಮ್ಮ ಮಾಡದಲ್ಲಿ ವರ್ಷಗಟ್ಟಲೆ ಕದಲದೆ ಸ್ಥಾವರವಾಗಿ ಬಿದ್ದಿರುವದು. ಅದನ್ನು ಮತ್ತೆ ಜಂಗಮ ಮಾಡಿರಿ. ಸರಿಯಾದ ಕೈಗೆ ನಡೆದು ಹೋಗುವಂತೆ ಮಾಡಿರಿ. ನನ್ನ ಮನೆಯ ಮಾಡದಿಂದ ತೆಗೆದ ಮೂರು ಮೊಬೈಲುಗಳನ್ನೂ ಒಂದು ಹಳೆಯ ರೇಡಿಯೋವನ್ನೂ ಈ ಚೀಲದಲ್ಲಿ ತಂದಿರುವೆನು. ಕೋಣೆಯು ದೊರೆಯುವವರೆಗೆ ಇವು ವೇದಿಕೆಯ ಮೂಲೆಯಲ್ಲಿರಲೆಂದು ಬೇಡಿಕೊಳ್ಳುವೆನು. ನಾಳೆ ನಮ್ಮೂರ ಶಾಲೆಗೆ ಹೋಗಿ, ಮೂವತ್ತು ವರ್ಷ ಹೇಳದೆ ಉಳಿಸಿದ ಆ ಒಂದು ಮಾತನ್ನು ಮಕ್ಕಳಿಗೆ ಹೇಳಿ ಬರುವೆನು.