ವುಝೂವಿನ ನೀರು ಮತ್ತು ನೆರೆಯವರ ಬಾವಿ

(ಸಂಸ್ಥೆಯ ವಾರ್ಷಿಕ ಸಮಾರಂಭದಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)





ಪರಿಸರ ಸಂರಕ್ಷಣೆಯ ಬಗ್ಗೆ ನಾಲ್ಕು ಮಾತನಾಡಬೇಕೆಂದು ಕಾರ್ಯದರ್ಶಿಗಳು ಹೇಳಿದ್ದಾರೆ. ಈ ವಿಷಯದ ಮೇಲೆ ನೀವು ಶಾಲೆಯಲ್ಲಿ ಬೇಕಾದಷ್ಟು ಪ್ರಬಂಧ ಬರೆದಿದ್ದೀರಿ. ಓಝೋನ್ ಪದರ, ಭೂಮಿಯ ತಾಪಮಾನ, ಕರಗುವ ಹಿಮನದಿಗಳು ಎಲ್ಲವೂ ನಿಮಗೆ ಬಾಯಿಪಾಠ. ನಾನು ಅಷ್ಟು ದೂರ ಹೋಗುವುದಿಲ್ಲ. ನಮ್ಮ ಮಸೀದಿಯ ನಲ್ಲಿಯವರೆಗೆ ಮಾತ್ರ ಹೋಗುತ್ತೇನೆ.

ನಮ್ಮ ದಕ್ಷಿಣ ಕನ್ನಡದಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಹಾಗಿದ್ದೂ 2016, 2019 ಮತ್ತು 2023ರ ಬೇಸಿಗೆಗಳಲ್ಲಿ ನೇತ್ರಾವತಿಯ ತುಂಬೆ ಅಣೆಕಟ್ಟಿನಲ್ಲಿ ನೀರು ಇಳಿದು, ಮಂಗಳೂರು ನಗರಕ್ಕೆ ರೇಷನ್ ಲೆಕ್ಕದಲ್ಲಿ ನೀರು ಬಿಡಬೇಕಾಯಿತು. ಕಾರಣ ಕಷ್ಟದ್ದೇನಲ್ಲ. ಹೆಚ್ಚಿನ ಮಳೆಯೆಲ್ಲ ಜೂನ್‌ನಿಂದ ಸೆಪ್ಟೆಂಬರಿನೊಳಗೆ ಸುರಿದು ಮುಗಿಯುತ್ತದೆ. ನಮ್ಮದು ಇಳಿಜಾರಿನ ನೆಲ, ಅಡಿಯಲ್ಲಿ ಮುರಕಲ್ಲು. ಬಿದ್ದ ನೀರಿನ ದೊಡ್ಡ ಪಾಲು ತೋಡು ಹೊಳೆ ಸೇರಿ ಸಮುದ್ರಕ್ಕೆ ಹೋಗುತ್ತದೆ. ಒಳಗೆ ಇಂಗಿದ್ದೂ ಮೆಲ್ಲಗೆ ಜಾರಿಹೋಗುತ್ತದೆ. ಏಪ್ರಿಲ್ ಬಂತೆಂದರೆ ಎತ್ತರದ ಜಾಗದ ಬಾವಿಗಳಲ್ಲಿ ತಳ ಕಾಣುತ್ತದೆ.

ಈಗ ಒಂದು ಸಣ್ಣ ಪ್ರಯೋಗ ಮಾಡಿ. ನಲ್ಲಿಯ ಕೆಳಗೆ ಬಕೆಟ್ ಇಟ್ಟು, ನೀವು ದಿನವೂ ಮಾಡುವ ರೀತಿಯಲ್ಲೇ ವುಝೂ ಮಾಡಿ. ಬೇಕೆಂದೇ ಜಾಗ್ರತೆ ವಹಿಸಬೇಡಿ. ಬಕೆಟಿನಲ್ಲಿ ಬಿದ್ದ ನೀರನ್ನು ಲೀಟರ್ ಪಾತ್ರೆಯಲ್ಲಿ ಅಳೆಯಿರಿ. ಐದು ಲೀಟರ್ ಎಂದಿಟ್ಟುಕೊಳ್ಳೋಣ. ನಲ್ಲಿ ಪೂರ್ತಿ ತಿರುಗಿಸಿ ಮಾತನಾಡುತ್ತಾ ನಿಲ್ಲುವವರಿಗೆ ಇದಕ್ಕಿಂತ ಹೆಚ್ಚೇ ಆಗುತ್ತದೆ. ದಿನಕ್ಕೆ ಐದು ಹೊತ್ತು, ನೂರು ಮಂದಿ. ಎರಡೂವರೆ ಸಾವಿರ ಲೀಟರ್! ತಿಂಗಳಿಗೆ ಎಪ್ಪತ್ತೈದು ಸಾವಿರ.

ಪ್ರವಾದಿ ಮುಹಮ್ಮದ್(ಸ)ರು ಒಂದು ‘ಮುದ್ದ್’ ನೀರಿನಲ್ಲಿ ವುಝೂ ಮಾಡುತ್ತಿದ್ದರು, ನಾಲ್ಕೈದು ಮುದ್ದ್ ನೀರಿನಲ್ಲಿ ಸ್ನಾನ ಮುಗಿಸುತ್ತಿದ್ದರು ಎಂದು ಅನಸ್(ರ) ತಿಳಿಸಿದ್ದು ಬುಖಾರಿ, ಮುಸ್ಲಿಮ್ ಎರಡರಲ್ಲೂ ದಾಖಲಾಗಿದೆ. ಮುದ್ದ್ ಎಂದರೆ ಎರಡೂ ಕೈ ಜೋಡಿಸಿದ ಬೊಗಸೆಯ ಅಳತೆ. ಮದ್‌ಹಬ್‌ಗಳ ಲೆಕ್ಕದಲ್ಲಿ ವ್ಯತ್ಯಾಸವಿದ್ದರೂ ಹೆಚ್ಚೆಂದರೆ ಒಂದು ಲೀಟರಿನ ಆಸುಪಾಸು. ವುಝೂ ಮಾಡುತ್ತಿದ್ದ ಸಅದ್(ರ)ರಿಗೆ, ಹರಿಯುವ ಹೊಳೆಯ ದಡದಲ್ಲಿದ್ದರೂ ನೀರು ಪೋಲು ಮಾಡಬಾರದೆಂದು ಪ್ರವಾದಿ(ಸ)ರು ತಿಳಿಹೇಳಿದ ಪ್ರಸಂಗ ಇಬ್ನುಮಾಜದಲ್ಲಿದೆ. ಅದರ ವರದಿ ಸರಣಿಯ ಬಗ್ಗೆ ಪಂಡಿತರಲ್ಲಿ ಚರ್ಚೆ ಇದೆ. ಆದರೆ ಮುದ್ದ್‌ನ ಹದೀಸಿನ ಬಗ್ಗೆ ಅಂತಹ ಚರ್ಚೆ ಇಲ್ಲ. ಆ ಅಳತೆಯಲ್ಲಿ ನೂರು ಮಂದಿಗೆ ದಿನಕ್ಕೆ ಐನೂರು ಲೀಟರ್ ಸಾಕು. ತಿಂಗಳಿಗೆ ಉಳಿಯುವುದು ಅರುವತ್ತು ಸಾವಿರ ಲೀಟರ್. ಆರು ಸಾವಿರ ಲೀಟರಿನ ಟ್ಯಾಂಕರಾದರೆ ಹತ್ತು ಲೋಡು. ಮೇ ತಿಂಗಳಲ್ಲಿ ಟ್ಯಾಂಕರಿಗೆ ಹಣ ಕೊಟ್ಟ ಜಮಾಅತ್ ಕಮಿಟಿಯವರು ಇಲ್ಲೇ ಕುಳಿತಿದ್ದಾರೆ, ದರ ಅವರನ್ನೇ ಕೇಳಿ.

ಹಣದ ಮಾತು ಬಿಡಿ. ಆ ನೀರು ಎಲ್ಲಿಂದ ಬರುತ್ತದೆ? ಮಸೀದಿಯ ಬೋರ್‌ವೆಲ್‌ನಿಂದ. ಬೋರ್‌ವೆಲ್‌ನಿಂದ ಹಗಲಿರುಳು ನೀರೆತ್ತಿದರೆ ಎಷ್ಟೋ ಕಡೆ ಸುತ್ತಲಿನ ತೆರೆದ ಬಾವಿಗಳ ಮಟ್ಟವೂ ಇಳಿಯುತ್ತದೆ. ನಮ್ಮ ಕಂಪೌಂಡ್ ಗೋಡೆ ನೆಲದ ಅಡಿಯಲ್ಲಿಲ್ಲವಲ್ಲ! ಗೋಡೆಯಾಚೆ ಮುಸ್ಲಿಮರ ಮನೆ ಇರಬಹುದು, ಹಿಂದೂಗಳ ಮನೆ ಇರಬಹುದು, ಕ್ರೈಸ್ತರದ್ದಿರಬಹುದು. ಆ ಮನೆಯ ತಾಯಿ ಕೊಡಪಾನ ಹಿಡಿದು ದೂರದ ಬಾವಿಗೆ ನಡೆಯುವಾಗ, ಇಲ್ಲಿ ನಮ್ಮ ಕಾಲಿನ ಮೇಲೆ ಪುಣ್ಯದ ಹೆಸರಿನಲ್ಲಿ ನೀರು ಸುರಿಯುತ್ತಿರುತ್ತದೆ. ನೀರು, ಹುಲ್ಲು, ಬೆಂಕಿ ಈ ಮೂರರಲ್ಲಿ ಜನರು ಪಾಲುದಾರರು ಎಂಬ ಅರ್ಥದ ಹದೀಸ್ ಇದೆ. ನೆರೆಯವರ ಹಕ್ಕು ಎಂದರೆ ಪೆರ್ನಾಲ್‌ಗೆ ಬಿರಿಯಾನಿ ಕಳುಹಿಸುವುದಷ್ಟೇ ಎಂದು ನಾವು ತಿಳಿದಿದ್ದರೆ, ಅದು ತೀರಾ ಅಗ್ಗದ ತಿಳುವಳಿಕೆ.

ಹಳೆಯ ಮಸೀದಿಗಳ ಹೌಝ್‌ನಲ್ಲಿ ಕೈಯಿಂದ ಮೊಗೆದು ವುಝೂ ಮಾಡುವಾಗ ಬೇಕಾದಷ್ಟೇ ನೀರು ಬರುತ್ತಿತ್ತು. ನಲ್ಲಿಗೆ ಆ ಗುಣವಿಲ್ಲ, ತಿರುಗಿಸಿದಷ್ಟು ಹೊತ್ತು ಸುರಿಯುತ್ತದೆ. ಹಾಗೆಂದು ನಲ್ಲಿ ಕಿತ್ತುಹಾಕಬೇಕಾಗಿಲ್ಲ. ಅರ್ಧಕ್ಕಿಂತ ಕಡಿಮೆ ತಿರುಗಿಸಿ, ತಲೆ ಸವರುವಾಗ ಮುಚ್ಚಿ, ಅಥವಾ ಚೆಂಬಿನಲ್ಲಿ ಹಿಡಿದುಕೊಳ್ಳಿ. ತೊಟ್ಟಿಕ್ಕುವ ನಲ್ಲಿಗೆ ಹೊಸ ವಾಷರ್ ಹಾಕಿಸಿ. ಸೆಕೆಂಡಿಗೆ ಒಂದು ಹನಿ ಬಿದ್ದರೂ ದಿನಕ್ಕೆ ಹದಿನೈದು ಇಪ್ಪತ್ತು ಲೀಟರ್ ಹೋಗುತ್ತದೆ.

ಇನ್ನೊಂದು ಮಾತು. ವುಝೂ ಮಾಡಿ ಬಿದ್ದ ನೀರಿನಲ್ಲಿ ಸಾಬೂನಿಲ್ಲ, ಎಣ್ಣೆ ಜಿಡ್ಡಿಲ್ಲ. ಅದರಿಂದ ಮತ್ತೊಮ್ಮೆ ವುಝೂ ಮಾಡಲಾಗದು ನಿಜ, ಆದರೆ ಅದು ಅಶುದ್ಧವೂ ಅಲ್ಲ. ಅದನ್ನು ಚರಂಡಿಗೆ ಬಿಡುವ ಬದಲು ಒಂದು ಪೈಪಿನಲ್ಲಿ ಖಬರಸ್ಥಾನದ ಮರಗಳಿಗೋ ತೆಂಗಿನ ಬುಡಕ್ಕೋ ತಿರುಗಿಸಬಹುದು. ಜೂನ್ 5ರಂದು ನಾವು ಗಿಡ ನೆಡುವ ಹದೀಸ್ ಹೇಳಿ ಫೋಟೊ ತೆಗೆಸಿಕೊಳ್ಳುತ್ತೇವೆ. ಆ ಗಿಡಕ್ಕೆ ಮುಂದಿನ ಮಾರ್ಚಿನಲ್ಲಿ ನೀರು ಹಾಕುವವರು ಯಾರೆಂದು ಯಾವ ಭಾಷಣದಲ್ಲೂ ಹೇಳುವುದಿಲ್ಲ!

ಮನೆಯ ವಿಷಯದಲ್ಲಿ ನಾನು ಹೆಂಗಸರಿಗೆ ಉಪದೇಶ ಮಾಡುವುದಿಲ್ಲ. ಅಕ್ಕಿ ತೊಳೆದ ನೀರನ್ನು ಬಸಳೆಯ ಬುಡಕ್ಕೆ ಹಾಕುವುದನ್ನು ಅವರಿಗೆ ಯಾವ ಪರಿಸರ ತಜ್ಞರೂ ಕಲಿಸಲಿಲ್ಲ. ಕಲಿಯಬೇಕಾದವರು ಶವರಿನ ಕೆಳಗೆ ಕಾಲು ಗಂಟೆ ನಿಲ್ಲುವ ನಮ್ಮ ಹುಡುಗರು.

ಮದುವೆ ಊಟದ ಬಗ್ಗೆಯೂ ಹೇಳಲೇಬೇಕು. ತಿನ್ನಿರಿ, ಕುಡಿಯಿರಿ, ಆದರೆ ಮಿತಿ ಮೀರಬೇಡಿ ಎಂಬ ಅರ್ಥದ ಖುರ್‌ಆನ್ ಆದೇಶ (7:31) ನಮಗೆಲ್ಲ ಗೊತ್ತು. ಹಾಲ್‌ನ ಹಿಂಬದಿಗೆ ಹೋಗಿ ನೋಡಿದರೆ ಅದು ಗೊತ್ತಿರುವ ಲಕ್ಷಣ ಕಾಣುವುದಿಲ್ಲ. ಒಂದು ಕಿಲೋ ಅಕ್ಕಿ ಬೆಳೆಯಲು ಎರಡು ಸಾವಿರ ಲೀಟರಿಗೂ ಹೆಚ್ಚು ನೀರು ಬೇಕು. ತಟ್ಟೆಯಲ್ಲಿ ಬಿಟ್ಟು ಏಳುವ ಬಿರಿಯಾನಿಯ ಜೊತೆ ಆ ನೀರೂ ತೊಟ್ಟಿಗೆ ಹೋಗುತ್ತದೆ. ಪ್ಲಾಸ್ಟಿಕ್ ತಟ್ಟೆ ಲೋಟಗಳನ್ನು ಕರ್ನಾಟಕದಲ್ಲಿ 2016ರಲ್ಲೂ, ದೇಶದಾದ್ಯಂತ 2022ರ ಜುಲೈ 1ರಿಂದಲೂ ನಿಷೇಧಿಸಲಾಯಿತು. ನೀರಿನ ಬಾಟಲಿ ದೇಶದ ಆ ಪಟ್ಟಿಯಲ್ಲಿ ಇರಲಿಲ್ಲ. ಅರ್ಧ ಕುಡಿದು ಬಿಟ್ಟ ಬಾಟಲಿಗಳ ರಾಶಿ ನಮ್ಮ ಇಫ್ತಾರ್ ಕೂಟಗಳಲ್ಲೂ ಬೀಳುತ್ತಿದೆ. ಹಾಳೆ ತಟ್ಟೆ ನಮ್ಮ ಊರಿನಲ್ಲೇ ತಯಾರಾಗುತ್ತದೆ. ಸ್ಟೀಲ್ ಲೋಟ ಬಾಡಿಗೆಗೆ ಸಿಗುತ್ತದೆ. ತೊಳೆಯಲು ನೀರು ಬೇಕಲ್ಲವೇ ಎಂದು ಕೇಳುವವರಿದ್ದಾರೆ. ಬೇಕು, ಆದರೆ ಆ ನೀರು ನೂರು ವರ್ಷ ಮಣ್ಣಿನಲ್ಲಿ ಬಿದ್ದಿರುವುದಿಲ್ಲ.

ಕೊನೆಯದಾಗಿ ವಿದ್ಯಾರ್ಥಿಗಳಿಗೆ ಒಂದು ಕೆಲಸ. ಸಾವಿರ ಚದರ ಅಡಿಯ ಮಾಡಿನ ಮೇಲೆ ಮೂರೂವರೆ ಸಾವಿರ ಮಿಲಿಮೀಟರ್ ಮಳೆ ಬಿದ್ದರೆ ಸುಮಾರು ಮೂರು ಲಕ್ಷದ ಇಪ್ಪತ್ತೈದು ಸಾವಿರ ಲೀಟರ್ ನೀರಾಗುತ್ತದೆ. ಸೋರಿಕೆ ಕಳೆದರೂ ಎರಡೂವರೆ ಲಕ್ಷಕ್ಕೆ ಮೋಸವಿಲ್ಲ. ನಮ್ಮ ಮಸೀದಿಯ ಮಾಡು ಇದಕ್ಕಿಂತ ದೊಡ್ಡದು, ಹಿತ್ತಿಲಲ್ಲಿ ಹಳೆಯ ಬಾವಿಯೂ ಇದೆ. ಮಾಡಿನ ನೀರನ್ನು ಪೈಪಿನಲ್ಲಿ ಇಳಿಸಿ, ಜಲ್ಲಿ, ಇದ್ದಿಲು, ಮರಳು ತುಂಬಿದ ಡ್ರಮ್ಮಿನ ಮೂಲಕ ಸೋಸಿ ಬಾವಿಗೆ ಬಿಡುವುದಕ್ಕೆ ಇಂಜಿನಿಯರ್ ಬೇಕಾಗಿಲ್ಲ, ಒಬ್ಬ ಪ್ಲಂಬರ್ ಸಾಕು. ಸಾಮಾನಿನ ಖರ್ಚು ಕಮಿಟಿಯವರು ನೋಡಿಕೊಳ್ಳಲಿ. ಮೇ ಮೂರನೇ ವಾರ ನಿಮಗೆ ರಜೆ ಇರುತ್ತದೆ. ಏಳೆಂಟು ಮಂದಿ ಸೇರಿ ಮಾಡಿನ ಮೇಲಿನ ತರಗೆಲೆ ಗುಡಿಸಿ, ಡ್ರಮ್ಮಿನ ಮರಳು ತೊಳೆದು ಸಿದ್ಧ ಮಾಡಿಡಿ. ಮೊದಲ ಎರಡು ಮೂರು ಮಳೆಯ ನೀರಿನಲ್ಲಿ ಧೂಳು, ಹಕ್ಕಿಯ ಹಿಕ್ಕೆ ಇರುತ್ತದೆ, ಅದನ್ನು ಹೊರಗೆ ಬಿಡಿ. ಆಮೇಲೆ ಪೈಪನ್ನು ಬಾವಿಗೆ ತಿರುಗಿಸಿ.