ಯುದ್ಧದ ಪಾಠಕ್ಕೆ ಸಾಮಗ್ರಿ ಎಲ್ಲಿದೆ?



ಈ ಉಪನ್ಯಾಸದ ದತ್ತಿಯನ್ನು ಇಟ್ಟವರು ಜೀವಮಾನವೆಲ್ಲ ಪ್ರೌಢಶಾಲೆಯಲ್ಲಿ ಪಾಠ ಮಾಡಿದವರು. ಇಲ್ಲಿ ಆಡುವ ಮಾತು ಮರುದಿನ ತರಗತಿಯಲ್ಲಿ ಉಪಯೋಗಕ್ಕೆ ಬರಬೇಕು ಎಂಬುದು ಅವರ ಅಪೇಕ್ಷೆಯಾಗಿತ್ತಂತೆ. ಹಾಗಾಗಿ ಸಿದ್ಧಾಂತದ ಮಾತನ್ನು ಪಕ್ಕಕ್ಕಿಟ್ಟು ಒಂದೇ ಪ್ರಶ್ನೆ ಎತ್ತಿಕೊಳ್ಳುತ್ತೇನೆ. ನಮ್ಮ ಮಕ್ಕಳಿಗೆ ಯುದ್ಧದ ಚರಿತ್ರೆಯನ್ನು ಯಾವುದನ್ನು ಮುಂದಿಟ್ಟುಕೊಂಡು ಕಲಿಸಬೇಕು?

ಈಗ ಮುಂದಿರುವುದು ಪಠ್ಯಪುಸ್ತಕ ಒಂದೇ. ಅದರಲ್ಲಿ ಪ್ರತಿ ಯುದ್ಧಕ್ಕೂ ಕಾರಣಗಳು, ಘಟನೆಗಳು, ಪರಿಣಾಮಗಳು ಎಂಬ ಮೂರು ಕಂಬದ ಚಪ್ಪರ. ಮೈಸೂರು ಯುದ್ಧಗಳು ನಾಲ್ಕು. ಮಂಗಳೂರು ಒಪ್ಪಂದ 1784, ಶ್ರೀರಂಗಪಟ್ಟಣ ಒಪ್ಪಂದ 1792. ಪರೀಕ್ಷೆಯಲ್ಲಿ ಹೊಂದಿಸಿ ಬರೆದರೆ ಅಂಕ ಬಂತು. ಮಗುವಿಗೆ ಇಸವಿ ಬಾಯಿಪಾಠ. ಆದರೆ ಆ ಸೈನ್ಯ ಏನು ಉಂಡಿತು, ಫಿರಂಗಿಯನ್ನು ಯಾರು ಎಳೆದರು, ಸತ್ತವನ ಮನೆಯವರು ಆಮೇಲೆ ಹೇಗೆ ಬದುಕಿದರು ಎಂದು ಕೇಳಿ ನೋಡಿ. ಮಗು ಸುಮ್ಮನಾಗುತ್ತದೆ, ಮೇಷ್ಟ್ರೂ ಸುಮ್ಮನಾಗುತ್ತಾರೆ. ಉಳಿದ ಕೊರತೆಯನ್ನು ವಾರ್ಷಿಕೋತ್ಸವ ತುಂಬುತ್ತದೆ: ರಟ್ಟಿನ ಕತ್ತಿ, ಬೆಳ್ಳಿಕಾಗದದ ಕಿರೀಟ, ಒನಕೆ ಹಿಡಿದ ಓಬವ್ವ. ಅದು ಬೇಡವೆನ್ನುವುದಿಲ್ಲ. ಆದರೆ ಅದು ನಾಟಕ, ಚರಿತ್ರೆಯ ಪಾಠವಲ್ಲ.

ಇಂಗ್ಲೆಂಡಿನಲ್ಲಿ ಈ ಕೆಲಸಕ್ಕೆ ದೊಡ್ಡ ವ್ಯವಸ್ಥೆಯೇ ಇದೆ. ಅವರ ರಾಷ್ಟ್ರೀಯ ಪತ್ರಾಗಾರವು ಹಳೆಯ ಕಾಗದಪತ್ರಗಳ ಪ್ರತಿಯನ್ನು ಪ್ರಶ್ನೆಗಳ ಸಮೇತ ಶಾಲೆಗಳಿಗೆ ಒದಗಿಸುತ್ತದೆ. ಮೊದಲ ಮಹಾಯುದ್ಧದ ಶತಮಾನೋತ್ಸವದ ಹೊತ್ತಿಗೆ, 2014ರಿಂದ, ಪ್ರತಿ ಸರ್ಕಾರಿ ಪ್ರೌಢಶಾಲೆಯಿಂದ ಇಬ್ಬರು ವಿದ್ಯಾರ್ಥಿಗಳನ್ನೂ ಒಬ್ಬ ಶಿಕ್ಷಕರನ್ನೂ ಕಡಲಾಚೆಯ ರಣಭೂಮಿಗೆ ಕರೆದೊಯ್ಯುವ ಯೋಜನೆ ನಡೆಸಿದರು. ನಾವು ಅಷ್ಟು ದೂರ ಹೋಗಬೇಕಿಲ್ಲ. ನಮ್ಮ ಎಷ್ಟೋ ಊರುಗಳಲ್ಲಿ ರಣಭೂಮಿಯ ದಾಖಲೆ ಶಾಲೆಯ ಹಿಂದೆಯೇ ಇದೆ. ಎಣ್ಣೆ, ಕುಂಕುಮ ಮೆತ್ತಿಸಿಕೊಂಡು, ಕೆಲವು ಕಡೆ ಬಟ್ಟೆ ಒಗೆಯುವ ಕಲ್ಲಾಗಿ, ಮೋರಿಯ ಚಪ್ಪಡಿಯಾಗಿ ಬಿದ್ದಿದೆ. ವೀರಗಲ್ಲಿನ ಮಾತು ಹೇಳುತ್ತಿದ್ದೇನೆ.

ಸಾಮಾನ್ಯವಾದ ಒಂದು ವೀರಗಲ್ಲಿನ ಮುಂದೆ ಏಳನೆಯ ತರಗತಿಯ ಮಕ್ಕಳನ್ನು ನಿಲ್ಲಿಸಿ. ಓದುವುದು ಕೆಳಗಿನಿಂದ ಮೇಲಕ್ಕೆ ಎಂಬುದನ್ನು ಮಾತ್ರ ಮೊದಲೇ ಹೇಳಿ, ಬೇರೇನೂ ಹೇಳಬೇಡಿ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ. ಒಬ್ಬನ ಕೈಯಲ್ಲಿ ಬಿಲ್ಲು, ಎದುರಿನವನ ಕೈಯಲ್ಲಿ ಕತ್ತಿ ಗುರಾಣಿ, ಒಂದು ಮೂಲೆಯಲ್ಲಿ ಒತ್ತೊತ್ತಾಗಿ ದನಗಳ ತಲೆ. ನಡುವಿನ ಪಟ್ಟಿಕೆಯಲ್ಲಿ ಅದೇ ಮನುಷ್ಯ, ಎರಡು ಕಡೆ ಅಪ್ಸರೆಯರು, ಮೇಲಕ್ಕೆ ಒಯ್ಯುತ್ತಿದ್ದಾರೆ. ಮೇಲಿನದರಲ್ಲಿ ಲಿಂಗ, ಪೂಜಾರಿ, ಕೈಮುಗಿದು ಕೂತ ವೀರ. ನೆತ್ತಿಯಲ್ಲಿ ಸೂರ್ಯ ಚಂದ್ರ. ಮಕ್ಕಳು ಕೇಳುವ ಮೊದಲ ಪ್ರಶ್ನೆ ಬಹುಮಟ್ಟಿಗೆ ಒಂದೇ: ದನ ಯಾಕೆ ಅಷ್ಟು ಚಿಕ್ಕದು? ಒಳ್ಳೆಯ ಪ್ರಶ್ನೆ. ಶಿಲ್ಪಿಗೆ ಯಾವುದು ದೊಡ್ಡದಾಗಿ ಕಾಣಬೇಕಿತ್ತು, ಕಲ್ಲು ಮಾಡಿಸಿದವರಿಗೆ ಏನು ಬೇಕಿತ್ತು ಎಂದು ತಿರುಗಿ ಕೇಳಿದರೆ ಪಾಠ ಶುರುವಾಯಿತು. ದನ ಹೊಡೆದುಕೊಂಡು ಹೋದವರನ್ನು ಅಟ್ಟಿಸಿಕೊಂಡು ಹೋಗಿ ಸತ್ತ ಊರಿನವನು ಅವನು. ಅವನ ಮಕ್ಕಳಿಗೆ ಊರು ಭೂಮಿ ಬಿಟ್ಟಿತು, ನೆತ್ತರುಗೊಡಗೆ ಎಂದರು. ಅಂದರೆ ಯುದ್ಧಕ್ಕೆ ಒಂದು ಮನೆ ತೆತ್ತದ್ದೇನು, ಸಮಾಜ ಅದಕ್ಕೆ ಕೊಟ್ಟದ್ದೇನು, ಎರಡೂ ಅದೇ ಕಲ್ಲಿನಲ್ಲಿವೆ. ಪಠ್ಯಪುಸ್ತಕದ 'ಪರಿಣಾಮಗಳು' ಎಂಬ ಪಟ್ಟಿಯಲ್ಲಿ ಈ ಮನೆ ಎಂದೂ ಬರುವುದಿಲ್ಲ.

ಪಕ್ಕದಲ್ಲೇ, ಸಹಗಮನ ಮಾಡಿದವಳ ನೆನಪಿನ ಮಾಸ್ತಿಗಲ್ಲು ಇರಬಹುದು. ಕಂಬದಿಂದ ಚಾಚಿದ, ಬಳೆ ತೊಟ್ಟ ತೋಳು. ಅದರ ಅರ್ಥವನ್ನು ಮಕ್ಕಳಿಗೆ ಹೇಳಲು ಅಳುಕುವ ಶಿಕ್ಷಕರನ್ನು ಕಂಡಿದ್ದೇನೆ. ವೀರನ ಕತೆ ಹೇಳಿ ಅವನ ಹೆಂಡತಿಯ ಕತೆ ನುಂಗಿಬಿಡುವುದು ಸರಿಯಲ್ಲ. ವಯಸ್ಸಿಗೆ ತಕ್ಕಂತೆ, ವೈಭವೀಕರಿಸದೆ, ಹೇಳಲೇಬೇಕು.

ಬೆಂಗಳೂರಿನ ಶಾಲೆಗಳು ನಮ್ಮಲ್ಲಿ ಕಲ್ಲೆಲ್ಲಿದೆ ಎನ್ನಬಹುದು. ಬೇಗೂರಿನ ನಾಗೇಶ್ವರ ದೇವಾಲಯಕ್ಕೆ ಹೋಗಲಿ. ಸುಮಾರು 890ರ ಹೊತ್ತಿನ ವೀರಗಲ್ಲು ಅಲ್ಲಿದೆ. ಬೆಂಗಳೂರಿನ ಕಾಳಗದಲ್ಲಿ ನಾಗತ್ತರನ ಮಗ ಬುಟ್ಟಣಸೆಟ್ಟಿ ಸತ್ತನೆಂದು ಅದು ಹೇಳುತ್ತದೆ. ಇಷ್ಟು ದೊಡ್ಡ ನಗರದ ಹೆಸರು ನಮಗೆ ಮೊದಲು ಸಿಗುವುದೇ ಒಬ್ಬ ವೀರ ಸತ್ತ ಸುದ್ದಿಯಲ್ಲಿ. ಬೆಂದಕಾಳಿನ ಕತೆಯನ್ನು ಪ್ರತಿ ಮಗುವೂ ಬಲ್ಲದು. ಬುಟ್ಟಣಸೆಟ್ಟಿಯ ಹೆಸರು ಗೊತ್ತಿರುವ ಮಗು ಎಷ್ಟು?

ಇನ್ನೊಂದು ಕಲ್ಲಿನ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ಮದ್ದೂರು ತಾಲ್ಲೂಕಿನ ಆತಕೂರಿನದು. ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಮೇಲೆ ನಾಯಿಯೂ ಹಂದಿಯೂ ಕಾದಾಡುವ ಶಿಲ್ಪ. ಚೋಳರೊಡನೆ ನಡೆದ ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಯೋಧ ಮಣಲೆರನಿಗೆ ರಾಷ್ಟ್ರಕೂಟ ಮೂರನೆಯ ಕೃಷ್ಣ ಏನು ಬೇಕೋ ಕೇಳು ಎಂದ. ಅವನು ಕೇಳಿದ್ದು ಅರಸನ ಬೇಟೆನಾಯಿ ಕಾಳಿಯನ್ನು. ಆ ನಾಯಿ ಮುಂದೆ ದೊಡ್ಡ ಹಂದಿಯೊಂದರ ಮೇಲೆ ಬಿದ್ದು, ಎರಡೂ ಸತ್ತವು. ನಾಯಿಗೆ ಕಲ್ಲು ನಿಲ್ಲಿಸಿದರು, ಪೂಜೆಗೆ ಭೂಮಿ ಬಿಟ್ಟರು. ಇದನ್ನು ಕೇಳಿದ ಮೇಲೆ ನಿದ್ದೆಹೋಗುವ ಮಗು ಯಾವ ತರಗತಿಯಲ್ಲೂ ಇಲ್ಲ.

ಆದರೆ ಅದೇ ಕಲ್ಲಿನಲ್ಲಿ ಶಿಕ್ಷಕರಿಗೆ ಬೇಕಾದ ಇನ್ನೊಂದು ವಿಷಯವೂ ಇದೆ. ಕ್ರಿ.ಶ. 949ರ ಸುಮಾರಿನ ಆ ಯುದ್ಧದಲ್ಲಿ ಚೋಳ ರಾಜಾದಿತ್ಯ ಆನೆಯ ಮೇಲೆಯೇ ಸತ್ತ. ಕೊಂದವನು ಗಂಗರ ಬೂತುಗ ಎಂದು ಆತಕೂರಿನ ಶಾಸನ ಹೇಳಿ, ಅದಕ್ಕೆ ಕೃಷ್ಣ ಕೊಟ್ಟ ನಾಡುಗಳ ಪಟ್ಟಿಯನ್ನೂ ಕೊಡುತ್ತದೆ. ಚೋಳರ ತಾಮ್ರಶಾಸನಗಳು ಅದೇ ಸಾವನ್ನು ಬೇರೆ ರೀತಿ ಹೇಳುತ್ತವೆ. ಅಲ್ಲಿ ರಾಜಾದಿತ್ಯ ಕೃಷ್ಣನ ಸೇನೆಯನ್ನು ನಡುಗಿಸಿ, ಆನೆಯ ಬೆನ್ನ ಮೇಲೆಯೇ ಬಾಣ ತಗುಲಿ ವೀರಸ್ವರ್ಗ ಸೇರಿದವನು, ಬೂತುಗನ ಹೆಸರಿಲ್ಲ. ಗೆದ್ದವರ ಹೇಳಿಕೆ ಒಂದು ಹಾಳೆಯಲ್ಲಿ, ಸೋತವರದು ಇನ್ನೊಂದರಲ್ಲಿ. ಎರಡನ್ನೂ ಸರಳ ಕನ್ನಡದಲ್ಲಿ ಬರೆದು ಮಕ್ಕಳಿಗೆ ಹಂಚಿ. ಎರಡೂ ಒಪ್ಪುವುದೇನು, ಬೇರೆಯಾಗುವುದೆಲ್ಲಿ, ಯಾರಿಗೆ ಯಾಕೆ ಹಾಗೆ ಬರೆಸಬೇಕೆನಿಸಿತು ಎಂದು ಕೇಳಿ. ಯುದ್ಧದ ಪಾಠವೆಂದರೆ ಸಾಕ್ಷಿ ತೂಗುವ ಪಾಠ, ಅದಕ್ಕಿಂತ ಹೆಚ್ಚೂ ಅಲ್ಲ ಕಡಿಮೆಯೂ ಅಲ್ಲ. ನಾನು ಇವತ್ತು ಹೇಳಲು ಬಂದಿರುವುದು ಇದನ್ನೇ.

ಮೈಸೂರು ಯುದ್ಧಗಳ ವಿಷಯದಲ್ಲಿ ಇದು ಇನ್ನೂ ಅಗತ್ಯ. ಟಿಪ್ಪುವಿನ ಹೆಸರೆತ್ತಿದರೆ ಸ್ಟಾಫ್ ರೂಮಿನಲ್ಲೇ ಎರಡು ಪಕ್ಷ. ಸರ್ಕಾರ ಬದಲಾದಾಗ ಪಾಠವೂ ಬದಲಾಗುತ್ತದೆ, ನಡುವೆ ಸಿಕ್ಕಿಕೊಳ್ಳುವವರು ಶಿಕ್ಷಕರು. ನಾಯಕನೋ ಖಳನಾಯಕನೋ ಎಂಬ ಪ್ರಶ್ನೆಗೆ ತರಗತಿಯಲ್ಲಿ ಉತ್ತರ ಕೊಡುವ ಹೊಣೆ ನಿಮ್ಮ ಮೇಲಿಲ್ಲ. ಎತ್ತುಗಳಿಂದ ಶುರುಮಾಡಿ.

1791ರ ಮಾರ್ಚ್‌ನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಬೆಂಗಳೂರು ಕೋಟೆಯನ್ನು ಹಿಡಿದ. ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದ ಸಮೀಪ ಅರಕೆರೆಯಲ್ಲಿ ಕಾಳಗವನ್ನೂ ಗೆದ್ದ. ಗೆದ್ದವನು ಕೋಟೆಗೆ ಮುತ್ತಿಗೆ ಹಾಕಬೇಕಲ್ಲ? ಹಾಕಲಿಲ್ಲ. ಕನ್ನಂಬಾಡಿಯ ಹತ್ತಿರ ತನ್ನ ದೊಡ್ಡ ಫಿರಂಗಿಗಳನ್ನು ತಾನೇ ಒಡೆದುಹಾಕಿ ಹಿಂದಿರುಗಿದ. ಮಳೆ ಹಿಡಿದಿತ್ತು, ಎತ್ತುಗಳು ಸಾಲುಸಾಲಾಗಿ ಸತ್ತಿದ್ದವು, ಪಾಳೆಯದಲ್ಲಿ ಅಕ್ಕಿ ಮುಗಿದಿತ್ತು, ಸಿಡುಬು ಬೇರೆ. ಮರುವರ್ಷ ಅವನು ಮತ್ತೆ ಬಂದಾಗ ದವಸ ಹೊತ್ತು ತಂದವರು ಬಂಜಾರರು. ನಮ್ಮ ಎಷ್ಟೋ ಶಾಲೆಗಳಲ್ಲಿ ತಾಂಡಾದ ಮಕ್ಕಳು ಕೂತಿರುತ್ತಾರೆ. ಈ ಯುದ್ಧದಲ್ಲಿ ತಮ್ಮ ಹಿರಿಯರಿಗೂ ಪಾತ್ರವಿತ್ತೆಂದು ಅವರಿಗೆ ಯಾರೂ ಹೇಳಿಲ್ಲ.

ಇಲ್ಲಿ ಗಣಿತದ ಮೇಷ್ಟ್ರನ್ನೂ ಕರೆಯಿರಿ. ಹತ್ತು ಸಾವಿರ ಜನರ ದಂಡು, ತಲೆಗೆ ದಿನಕ್ಕೆ ಒಂದು ಕಿಲೋ ಧಾನ್ಯ, ಹೇರೆತ್ತು ಹೊರುವುದು ನೂರು ಕಿಲೋ ಎಂದು ಲೆಕ್ಕ ಕೊಡಿ. ದಿನಕ್ಕೆ ನೂರು ಎತ್ತು, ತಿಂಗಳಿಗೆ ಮೂರು ಸಾವಿರ. ಆ ಮೂರು ಸಾವಿರ ಎತ್ತು ಏನು ಮೇಯುತ್ತವೆ, ಯಾರ ಹೊಲದಲ್ಲಿ ಮೇಯುತ್ತವೆ? ಹುಡುಗರು ಅಲ್ಲಿಗೆ ಬಂದು ನಿಂತಾಗ ಯುದ್ಧ ಅರಸರ ಜಗಳವಾಗಿ ಉಳಿಯುವುದಿಲ್ಲ, ದಾರಿಯಲ್ಲಿದ್ದ ಪ್ರತಿ ಹಳ್ಳಿಯ ಪಾಡಾಗುತ್ತದೆ. ಮೈಸೂರಿನವರು ಈ ಲೆಕ್ಕವನ್ನು ಮೊದಲೇ ಮಾಡಿದ್ದರು. ಒಡೆಯರ ಕಾಲದ ಬೆಣ್ಣೆ ಚಾವಡಿ ಎಂಬ ದನಗಳ ಇಲಾಖೆಯನ್ನೇ ಟಿಪ್ಪು ಅಮೃತಮಹಲ್ ಎಂದು ಕರೆದದ್ದು. ಆ ತಳಿಯ ದನಗಳನ್ನು ಅಜ್ಜಂಪುರದ ಕೇಂದ್ರದಲ್ಲಿ ಇವತ್ತೂ ನೋಡಬಹುದು. ತೆಳ್ಳನೆಯ ಮೈ, ಹಿಂದಕ್ಕೆ ಬಾಗಿ ಮೇಲೇರಿದ ಚೂಪು ಕೊಂಬು. ಯುದ್ಧಸಾಮಗ್ರಿ ಎಂದಾಗ ಕತ್ತಿಯನ್ನಷ್ಟೇ ನೆನೆಯುವ ಮಗುವಿಗೆ ಆ ಎತ್ತನ್ನು ತೋರಿಸಬೇಕು.

1792ರ ಒಪ್ಪಂದದಲ್ಲಿ ಅರ್ಧ ರಾಜ್ಯ, 3 ಕೋಟಿ 30 ಲಕ್ಷ ರೂಪಾಯಿ ಎಂದು ಬರೆಸುತ್ತೇವೆ. ಒತ್ತೆಯಾಗಿ ಟಿಪ್ಪುವಿನ ಇಬ್ಬರು ಮಕ್ಕಳು ಎಂಬುದನ್ನು ಕೊನೆಯ ಸಾಲಿನಲ್ಲಿ ಓದಿ ಮುಂದೆ ಹೋಗುತ್ತೇವೆ. ಆ ಮಕ್ಕಳಿಗೆ ಹೆಸರಿತ್ತು: ಅಬ್ದುಲ್ ಖಾಲಿಕ್, ಮುಯಿಜುದ್ದೀನ್. ವಯಸ್ಸು ಹತ್ತರ ಆಸುಪಾಸು, ನಮ್ಮ ಪ್ರಾಥಮಿಕ ಶಾಲೆಯ ವಯಸ್ಸು. ಆನೆಯ ಮೇಲೆ ಕೋಟೆಯಿಂದ ಹೊರಟು ಬಂದ ಅವರನ್ನು ಕಾರ್ನ್‌ವಾಲಿಸ್ ಬರಮಾಡಿಕೊಂಡು ಒಬ್ಬೊಬ್ಬರಿಗೆ ಒಂದೊಂದು ಚಿನ್ನದ ಗಡಿಯಾರ ಕೊಟ್ಟ. ಅವರು ಮನೆಗೆ ಮರಳಿದ್ದು 1794ರಲ್ಲಿ. ಈ ಪ್ರಸಂಗವನ್ನು ಇಂಗ್ಲಿಷ್ ಚಿತ್ರಕಾರರು ಮತ್ತೆ ಮತ್ತೆ ಬರೆದರು. ರಾಬರ್ಟ್ ಹೋಮ್ ಬರೆದ ಚಿತ್ರ ಲಂಡನ್ನಿನ ಸೇನಾ ವಸ್ತುಸಂಗ್ರಹಾಲಯದಲ್ಲಿದೆ, ಪ್ರತಿ ಸುಲಭವಾಗಿ ಸಿಗುತ್ತದೆ. ಅದರ ಪಕ್ಕಕ್ಕೆ ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಯ ಗೋಡೆಯ ಪೊಳ್ಳಿಲೂರು ಯುದ್ಧದ ಚಿತ್ರ ಇಡಿ. 1780ರ ಆ ಯುದ್ಧದಲ್ಲಿ ಸೋತ ಕಂಪನಿಯ ಸೇನಾನಿ ಬೇಲಿ ಪಲ್ಲಕ್ಕಿಯಲ್ಲಿ ಕೂತಿದ್ದಾನೆ, ಸುತ್ತ ಅವನ ಸೈನ್ಯ ಕುಸಿಯುತ್ತಿದೆ. ಒಂದು ಚಿತ್ರದಲ್ಲಿ ಇಂಗ್ಲಿಷರು ದಯಾಳುಗಳು, ಇನ್ನೊಂದರಲ್ಲಿ ಕಂಗೆಟ್ಟವರು. ಗೋಡೆಯ ಚಿತ್ರವನ್ನು ಮುಂದೆ ಬ್ರಿಟಿಷರ ಕಾಲದಲ್ಲೇ ತಿದ್ದಿ ಬರೆಸಲಾಯಿತು ಎಂಬುದನ್ನೂ ಸೇರಿಸಿ ಹೇಳಿ, ಚರ್ಚೆ ಇನ್ನಷ್ಟು ಬಿಸಿಯಾಗಲಿ.

ಶ್ರೀರಂಗಪಟ್ಟಣಕ್ಕೆ ನಮ್ಮ ಶಾಲೆಗಳು ಹೋಗುವುದಿಲ್ಲವೆಂದಲ್ಲ. ಮೃಗಾಲಯಕ್ಕೂ ಬೃಂದಾವನಕ್ಕೂ ನಡುವೆ ಒಂದು ಗಂಟೆ. ಅದರಲ್ಲಿ ಅರ್ಧ ಗಂಟೆ ತಲೆ ಎಣಿಸುವುದಕ್ಕೆ, ಉಳಿದದ್ದು ಸೌತೆಕಾಯಿಗೆ. ಒಂದು ಸಲ ಅರ್ಧ ದಿನ ಇಡಿ. ಕೋಟೆ ಬಿರಿದ ಜಾಗದ ಹತ್ತಿರ 1907ರಲ್ಲಿ ಮೈಸೂರು ಸರ್ಕಾರ ನಿಲ್ಲಿಸಿದ ಸ್ಮಾರಕಸ್ತಂಭವಿದೆ. 1799ರ ಮುತ್ತಿಗೆಯಲ್ಲಿ ಕಂಪನಿಯ ಕಡೆ ಸತ್ತವರ ನೆನಪಿಗೆ ಕಟ್ಟಿದ್ದು. ಅದೇ ನೆಲದಲ್ಲಿ ಕೋಟೆ ಕಾಯುತ್ತ ಸತ್ತ ಮೈಸೂರಿನವರ ಹೆಸರು ಅಲ್ಲಿ ಹುಡುಕಿ ಎಂದು ಮಕ್ಕಳನ್ನು ಬಿಡಿ. ಸಿಗದಿದ್ದಾಗ ಅವರೇ ಕೇಳುತ್ತಾರೆ.

ವಸ್ತುಗಳು ಈಗಲೂ ಸಿಗುತ್ತಿವೆ. 2018ರಲ್ಲಿ ಹೊಸನಗರ ತಾಲ್ಲೂಕಿನ ನಗರ ಎಂಬ ಊರಿನಲ್ಲಿ ಪಾಳುಬಾವಿಯೊಂದರ ಹೂಳು ತೆಗೆದಾಗ ಟಿಪ್ಪುವಿನ ಕಾಲದ ಸಾವಿರಕ್ಕೂ ಹೆಚ್ಚು ಕಬ್ಬಿಣದ ರಾಕೆಟ್ಟುಗಳು ಬಂದವು. ಬಿದಿರಿಗೆ ಕಟ್ಟಿ ಹಾರಿಸುತ್ತಿದ್ದ ಈ ಕೊಳವೆಗಳನ್ನು ಕಂಡೇ ಇಂಗ್ಲೆಂಡಿನಲ್ಲಿ ಕಾಂಗ್ರೀವ್ ತನ್ನ ರಾಕೆಟ್ ಮಾಡಿದ್ದು. ವಿಜ್ಞಾನದ ಶಿಕ್ಷಕರಿಗೆ ಇದು ನೂಕುಬಲದ ಪಾಠ. ಈಚಿನ ಕಾಲದ ಸಾಮಗ್ರಿಯೂ ಇದೆ. ಕಾರವಾರದ ಕಡಲತೀರದಲ್ಲಿ ಕ್ಷಿಪಣಿ ದೋಣಿ ಐಎನ್‌ಎಸ್ ಚಪಲ್ ವಸ್ತುಸಂಗ್ರಹಾಲಯವಾಗಿ ನಿಂತಿದೆ. ಮಡಿಕೇರಿಯಲ್ಲಿ ಜನರಲ್ ತಿಮ್ಮಯ್ಯನವರ ಮನೆ ಸನ್ನಿಸೈಡ್ 2021ರಿಂದ ವಸ್ತುಸಂಗ್ರಹಾಲಯ. 1918ರಲ್ಲಿ ಹೈಫಾದ ಮೇಲೆ ಕುದುರೆಯಲ್ಲಿ ನುಗ್ಗಿದ ಮೈಸೂರು ಲ್ಯಾನ್ಸರ್ಸ್ ದಳದ ಸ್ಮಾರಕ ಬೆಂಗಳೂರಿನ ಜೆ.ಸಿ. ನಗರದಲ್ಲಿದೆ. ಅದರ ಹತ್ತಿರ ಬಸ್ಸಿಗೆ ಕಾದವರಿಗೂ ಅದು ಏನೆಂದು ಗೊತ್ತಿರುವುದಿಲ್ಲ.

ಕೊನೆಗೆ ಕೆಲಸದ ಮಾತು. ನಿಮ್ಮ ತಾಲ್ಲೂಕಿನ ಶಾಸನಗಳು ಯಾವುವು ಎಂದು ತಿಳಿಯಲು 'ಎಪಿಗ್ರಾಫಿಯಾ ಕರ್ನಾಟಿಕಾ' ಸಂಪುಟಗಳಿವೆ. ಶಾಸನತಜ್ಞ ಬಿ.ಎಲ್. ರೈಸ್ ಶುರುಮಾಡಿದ ಆ ಸರಣಿ ತಾಲ್ಲೂಕುವಾರು ಇರುವುದೇ ನಮ್ಮ ಪುಣ್ಯ. ಬೆಂಗಳೂರು ಸುತ್ತಿನವರಿಗೆ ಮಿಥಿಕ್ ಸೊಸೈಟಿಯವರು ಕಲ್ಲುಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿ ಸಿದ್ಧಪಡಿಸಿದ ಸಂಗ್ರಹವಿದೆ. ಕಲ್ಲಿನ ಮುಂದೆ ನಿಂತಾಗ ಸೀಮೆಸುಣ್ಣ ಬಳಿಯಬೇಡಿ, ತಂತಿಬ್ರಷ್ ಮುಟ್ಟಿಸಬೇಡಿ, ಬಣ್ಣವಂತೂ ಬೇಡವೇ ಬೇಡ. ಬೆಳಗಿನ ಓರೆಬಿಸಿಲಿನಲ್ಲಿ ಹೋಗಿ. ಬಿಸಿಲಿಲ್ಲದಿದ್ದರೆ ಪಕ್ಕದಿಂದ ಟಾರ್ಚ್ ಹಿಡಿದರೆ ಸವೆದ ಅಕ್ಷರವೂ ಏಳುತ್ತದೆ. ಆಗ ಫೋಟೋ ತೆಗೆಯಿರಿ. ಪೂಜೆಯಲ್ಲಿರುವ ಕಲ್ಲಾದರೆ ಊರಿನವರನ್ನು ಕೇಳಿಯೇ ಮುಟ್ಟಬೇಕು. ಅವರ ಕತೆಯನ್ನೂ ಬರೆದುಕೊಳ್ಳಬೇಕು. ಬ್ಯಾಗಿಲ್ಲದ ಸಂಭ್ರಮ ಶನಿವಾರ ಇದಕ್ಕೆ ಹೇಳಿ ಮಾಡಿಸಿದ ದಿನ. ಇಲಾಖೆಯ ಅನುದಾನ ಕಾಯಬೇಕಿಲ್ಲ.

ಸಭೆಯಲ್ಲಿರುವ ಪ್ರತಿ ಶಿಕ್ಷಕರಲ್ಲೂ ನನ್ನ ಕೋರಿಕೆ ಒಂದೇ. ನಿಮ್ಮ ಶಾಲೆಯಿಂದ ಮಕ್ಕಳು ನಡೆದು ಹೋಗುವಷ್ಟು ದೂರದಲ್ಲಿರುವ ಒಂದು ವೀರಗಲ್ಲನ್ನು ಈ ವರ್ಷ ಮಕ್ಕಳ ಕೈಯಲ್ಲೇ ಓದಿಸಿ. ಅದು ಎಲ್ಲಿದೆ, ಯಾವ ಸ್ಥಿತಿಯಲ್ಲಿದೆ, ಸತ್ತವನ ಹೆಸರೇನು ಎಂದು ಅವರಿಂದಲೇ ಒಂದು ಪುಟ ಬರೆಸಿ ಈ ದತ್ತಿಯ ಸಮಿತಿಗೆ ಕಳುಹಿಸಿ. ಸಮಿತಿಯವರಿಗೂ ಒಂದು ಮಾತು: ಮುಂದಿನ ವರ್ಷದ ಉಪನ್ಯಾಸಕ್ಕೆ ನನ್ನಂಥವರನ್ನು ಹುಡುಕಬೇಡಿ, ಆ ಪುಟಗಳನ್ನು ಬರೆಸಿದ ಶಿಕ್ಷಕರೊಬ್ಬರನ್ನು ಕರೆಯಿರಿ.