ಐದನೆಯ ಗಾಲಿ ಬೇಕೇ, ಬೇಡವೇ?

(ರೈತರ ಸಭೆಯೊಂದರಲ್ಲಿ ಗ್ರಾಮಸೇವಕರು ಮಾಡಿದ ಭಾಷಣ. ಸಭೆಗೆ ಬರಲಾಗದವರ ಅನುಕೂಲಕ್ಕಾಗಿ ಇಲ್ಲಿ ಕೊಟ್ಟಿದೆ.)



ಗೊಬ್ಬರದ ವಿಚಾರವನ್ನೋ ಬೀಜೋಪಚಾರದ ವಿಚಾರವನ್ನೋ ಈ ದಿನ ಹೇಳುವೆನೆಂದು ತಾವು ಎಣಿಸಿರಬಹುದು. ನಾನು ಕೃಷಿ ಡಿಪ್ಲೊಮಾ ಓದಿದವನು. ಗಾಡಿ ರಿಪೇರಿ ನನ್ನ ವಿದ್ಯೆಯಲ್ಲ. ಆದರೂ ಜೀಪಿನ ಬೆನ್ನಿಗೆ ತೂಗುವ ಐದನೆಯ ಗಾಲಿಯ ವಿಚಾರವಾಗಿ ನಾಲ್ಕು ಮಾತು ಹೇಳಲು ನಿಂತಿದ್ದೇನೆ. ಅದಕ್ಕೆ ಕಾರಣವುಂಟು. ನಾನು ಮಾಡಿದ ಒಂದು ತಪ್ಪನ್ನು ತಾವು ಮಾಡಬಾರದೆಂಬುದೇ ಆ ಕಾರಣ.

ಭತ್ತದ ಕೊಯ್ಲಿನ ಕಾಲ. ಮಲೆನಾಡಿನ ಅಂಚಿನ ಒಂದು ಹಳ್ಳಿಗೆ ಉದ್ದಿನ ಬೀಜದ ಮೂಟೆಗಳನ್ನು ಮುಟ್ಟಿಸಬೇಕಾಗಿತ್ತು. ಟಾರು ರಸ್ತೆಯಿಂದ ಆ ಹಳ್ಳಿಗೆ 9 ಕಿಲೋಮೀಟರು ಮಣ್ಣಿನ ದಾರಿ. ಬಾಡಿಗೆಯ ಜೀಪಿನಲ್ಲಿ ಕೊನೆಯ ಒಂದು ಮೂಟೆಗೆ ಸ್ಥಳವಾಗಲಿಲ್ಲ. ಆ ಗಾಡಿಯ ಸ್ಟೆಪ್ನಿ ಒಳಗಡೆಯೇ ಇತ್ತು. “ಅದನ್ನು ಇಳಿಸಿ ಗೋದಾಮಿನಲ್ಲಿಡಿ, ಟೈರುಗಳು ಟ್ಯೂಬ್‌ಲೆಸ್, ಪಂಕ್ಚರ್ ಪೆಟ್ಟಿಗೆಯೂ ಇದೆ” ಎಂದೆ. ಚಾಲಕ ಒಪ್ಪಲಿಲ್ಲ. ನಾನೇ ಒತ್ತಾಯಪಡಿಸಿದೆ. ಹೋಗುವಾಗ ಏನೂ ಆಗಲಿಲ್ಲ. ನನ್ನ ಜಾಣತನಕ್ಕೆ ನಾನೇ ಮೆಚ್ಚಿಕೊಂಡೆ.

ಸಂಜೆ ಹೊರಡುವ ಹೊತ್ತಿಗೆ ಗದ್ದೆಯ ಕಡೆಯಿಂದ ಕೂಗು ಕೇಳಿಸಿತು. ಸಿವುಡು ಕಟ್ಟುತ್ತಿದ್ದ ಹೆಣ್ಣುಮಗಳೊಬ್ಬಳ ಕಾಲಿಗೆ ಕೊಳಕುಮಂಡಲ ಕಚ್ಚಿತ್ತು. ಆ ಹಳ್ಳಿಯಲ್ಲಿ ಫೋನಿಗೆ ಸಿಗ್ನಲ್ ಸಿಗುವುದಿಲ್ಲ, 108ಕ್ಕೆ ಕರೆಮಾಡುವಂತಿರಲಿಲ್ಲ. ಆಕೆಯನ್ನೂ ಆಕೆಯ ಮಗಳನ್ನೂ ಕೂರಿಸಿಕೊಂಡು ಹೊರಟೆವು. 3 ಕಿಲೋಮೀಟರು ದಾಟಿರಬಹುದು. ಜಂಬಿಟ್ಟಿಗೆಯ ಕಲ್ಲಿನ ಅಂಚು ಹಿಂದಿನ ಟೈರಿನ ಪಕ್ಕೆಯನ್ನು ನಾಲ್ಕು ಬೆರಳಿನಷ್ಟು ಸೀಳಿತು. ಪೆಟ್ಟಿಗೆಯಲ್ಲಿದ್ದ ರಬ್ಬರ್ ಬತ್ತಿಗಳನ್ನೆಲ್ಲ ತುರುಕಿದೆವು. ಒಂದು ಕಡೆ ತುರುಕಿದರೆ ಇನ್ನೊಂದು ಕಡೆ ಗಾಳಿ ಬುಸ್ಸೆಂದು ಹೊರಟಿತು. ಕಡೆಗೆ ನಾನು ಹಳ್ಳಿಗೆ ಓಡಿ, ಟ್ರಾಕ್ಟರು ತರಿಸಿ, ಟ್ರೈಲರಿನಲ್ಲಿ ಹುಲ್ಲು ಹಾಸಿ ಆಕೆಯನ್ನು ಮಲಗಿಸಿ ಟಾರು ರಸ್ತೆ ಮುಟ್ಟುವಷ್ಟರಲ್ಲಿ ಒಂದೂವರೆ ಗಂಟೆ ದಂಡವಾಗಿತ್ತು.

ಆಕೆ ಬದುಕಿದಳು. ಆದರೆ ಮೂತ್ರಪಿಂಡಕ್ಕೆ ಪೆಟ್ಟಾಗಿ ಮೂರು ವಾರ ಆಸ್ಪತ್ರೆಯಲ್ಲಿದ್ದಳು. ಡಯಾಲಿಸಿಸ್ ಸಹ ಆಯಿತು. ಆ ಒಂದೂವರೆ ಗಂಟೆ ಉಳಿದಿದ್ದರೆ ಇಷ್ಟು ಆಗುತ್ತಿತ್ತೋ ಇಲ್ಲವೋ, ಯಾರೂ ಖಂಡಿತವಾಗಿ ಹೇಳಲಾರರು. ಕೊಳಕುಮಂಡಲದ ವಿಷಕ್ಕೆ ಔಷಧ ಎಷ್ಟು ಬೇಗ ಬಿದ್ದರೆ ಅಷ್ಟು ಕ್ಷೇಮ ಎಂಬುದು ಮಾತ್ರ ನಿಜ. ಆ ರಾತ್ರಿ ಆಸ್ಪತ್ರೆಯ ಜಗಲಿಯಲ್ಲಿ ಮಗಳು ನನ್ನನ್ನು ಕೇಳಿದಳು: “ಅಣ್ಣಾ, ಜೀಪಿಗೆ ಇನ್ನೊಂದು ಗಾಲಿ ಇರಲಿಲ್ಲವೇ?” ಇತ್ತು ತಾಯಿ, ಗೋದಾಮಿನಲ್ಲಿತ್ತು ಎಂದು ಹೇಳಲು ನನಗೆ ನಾಲಗೆ ಏಳಲಿಲ್ಲ.

ಬಂಧುಗಳೇ, ಇಷ್ಟು ಕೇಳಿ “ಹಾಗಾದರೆ ಎಲ್ಲ ಗಾಡಿಗೂ ಸ್ಟೆಪ್ನಿ ಬೇಕು” ಎಂದು ತೀರ್ಮಾನಿಸಿ ಎದ್ದುಬಿಡಬೇಡಿ. ಒಂದು ಅವಘಡವನ್ನು ನೋಡಿ ನಿಯಮ ಮಾಡುವುದು ಸರಿಯಲ್ಲ. ಎರಡೂ ಪಕ್ಷಗಳನ್ನು ತೂಗಿ ನೋಡೋಣ.

ಮೊದಲು ‘ಸ್ಟೆಪ್ನಿ’ ಎಂಬ ಹೆಸರಿನ ಕಥೆ. ಹಿಂದೆ ಮೋಟಾರು ಗಾಡಿಗಳು ಬಿಡಿ ಗಾಲಿಯಿಲ್ಲದೆಯೇ ಬರುತ್ತಿದ್ದವು. 1904ರಲ್ಲಿ ವೇಲ್ಸ್ ದೇಶದ ಲನೆಲ್ಲಿ ಎಂಬ ಊರಿನ ಡೇವಿಸ್ ಸೋದರರು, ಟೈರು ತೊಡಿಸಿದ ಒಂದು ಬಳೆಯನ್ನು ಗಾಳಿ ಹೋದ ಗಾಲಿಗೆ ಹಿಡಿಕೆಗಳಿಂದ ಬಿಗಿಯುವ ಉಪಾಯ ಕಂಡುಹಿಡಿದರು. ಅವರ ಅಂಗಡಿಯಿದ್ದ ಬೀದಿ ಸ್ಟೆಪ್ನಿ ಬೀದಿ. ಆ ಬೀದಿಯ ಹೆಸರೇ ನಮ್ಮ ಹಳ್ಳಿಯ ಬಾಯಿಗೂ ಬಂದು ನೆಲೆಸಿತು.

ಸ್ಟೆಪ್ನಿ ಬೇಡವೆನ್ನುವವರ ಮಾತಿನಲ್ಲೂ ಹುರುಳುಂಟು. ಜೀಪಿನ ಒಂದು ಗಾಲಿ ಸುಮಾರು 20ರಿಂದ 25 ಕಿಲೋ ತೂಗುತ್ತದೆ. ಸ್ಥಳ ತಿನ್ನುತ್ತದೆ. ಅದನ್ನು ಕೊಳ್ಳಲು ಹಣ ಬೇಕು. ಟ್ಯೂಬ್‌ಲೆಸ್ ಟೈರಿಗೆ ಮೊಳೆ ಚುಚ್ಚಿದರೆ ಬತ್ತಿ ತುರುಕಿ ಹತ್ತು ಹದಿನೈದು ನಿಮಿಷದಲ್ಲಿ ಹೊರಡಬಹುದು. ಸರ್ಕಾರವೂ 2020ರಲ್ಲಿ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ತಂದಿತು. ಚಾಲಕನೂ ಸೇರಿ 9 ಜನರವರೆಗೆ ಕೂರುವ, 3.5 ಟನ್ ಮೀರದ ಪ್ರಯಾಣಿಕ ವಾಹನದಲ್ಲಿ ಟ್ಯೂಬ್‌ಲೆಸ್ ಟೈರು, ಗಾಳಿಯ ಒತ್ತಡ ತಿಳಿಸುವ ಸಾಧನ, ರಿಪೇರಿ ಪೆಟ್ಟಿಗೆ ಇವು ಮೂರೂ ಇದ್ದರೆ ಬಿಡಿ ಗಾಲಿ ಕಡ್ಡಾಯವಲ್ಲ. ಪಟ್ಟಣದ ಕಾರಿಗೆ ಇದು ಒಪ್ಪತಕ್ಕ ಮಾತು.

ನಮ್ಮ ಟ್ರಾಕ್ಟರನ್ನೇ ನೋಡಿ. ಯಾರೂ ಅದರ ಹಿಂದಿನ ಗಾಲಿಯ ಜೋಡಿಯೊಂದನ್ನು ಹೊತ್ತು ತಿರುಗುವುದಿಲ್ಲ. ಅದು ಬಹು ಭಾರ, ಒಬ್ಬಿಬ್ಬರಿಂದ ಎತ್ತಲಾಗದು. ಟ್ರಾಕ್ಟರು ಹೊಲದಿಂದ ಮನೆಗೆ, ಮನೆಯಿಂದ ಹೊಲಕ್ಕೆ ಓಡಾಡುವಂಥದು. ಕೆಟ್ಟು ನಿಂತರೆ ನಡೆದು ಮನೆಗೆ ಬರಬಹುದು. ಹಿಂದಿನ ಎತ್ತಿನ ಗಾಡಿಯವರೂ ಬಿಡಿ ಗಾಲಿ ಹೊರಲಿಲ್ಲ. ಒಂದು ಬಿಡಿ ಕಡಾಣಿಯನ್ನೂ ಕೀಲೆಣ್ಣೆಯ ಬಿದಿರ ಕೊಳವೆಯನ್ನೂ ಮಾತ್ರ ಇಟ್ಟುಕೊಳ್ಳುತ್ತಿದ್ದರು. ಯಾವುದು ತಪ್ಪಿದರೆ ಗಾಡಿ ನಿಲ್ಲುತ್ತದೆ, ಯಾವುದನ್ನು ಹೊರುವುದು ಸುಲಭ ಎಂಬ ಲೆಕ್ಕ ಅವರಿಗೆ ತಿಳಿದಿತ್ತು. ನಾವೂ ಅದೇ ಲೆಕ್ಕ ಹಾಕಬೇಕು.

ಹೊರಡುವ ಮುಂಚೆ ನಾಲ್ಕು ಪ್ರಶ್ನೆಗಳನ್ನು ಕೇಳಿಕೊಳ್ಳಿ.

ಒಂದು, ದಾರಿ ಟೈರಿಗೆ ಎಂಥ ಗಾಯ ಮಾಡುವಂಥದು? ಬಯಲುಸೀಮೆಯಲ್ಲಿ ಜಾಲಿಮುಳ್ಳು, ಮೊಳೆ. ಇವು ಟೈರಿನ ಅಡಿಗೆ ಚುಚ್ಚುತ್ತವೆ. ಅದಕ್ಕೆ ಬತ್ತಿ ಸಾಕು. ಮಲೆನಾಡಿನಲ್ಲಿ ಚೂಪು ಕಲ್ಲು, ಕಡಿದ ಬಿದಿರಿನ ಕೂಳೆ, ತೋಟದ ಮರದ ಬುಡ. ಇವು ಟೈರಿನ ಪಕ್ಕೆಯನ್ನು ಸೀಳುತ್ತವೆ. ಪಕ್ಕೆ ತೆಳು, ಗಾಲಿ ಉರುಳಿದಂತೆಲ್ಲ ಅದು ಬಾಗಿ ಏಳುತ್ತದೆ, ಅಲ್ಲಿ ಬತ್ತಿ ನಿಲ್ಲುವುದಿಲ್ಲ. ನಾನು ಅರಿಯದೆ ಹೋದದ್ದು ಇದನ್ನೇ. ಪೆಟ್ಟಿಗೆಯೂ ಸ್ಟೆಪ್ನಿಯೂ ಒಂದೇ ರೋಗಕ್ಕೆ ಮದ್ದಲ್ಲ.

ಎರಡು, ಗಾಡಿ ನಿಂತರೆ ಸಹಾಯ ಎಷ್ಟು ದೂರ? ಫೋನು ನಡೆಯುತ್ತದೆಯೇ? ಹಿಂದೆ ಇನ್ನೊಂದು ಗಾಡಿ ಬರುತ್ತದೆಯೇ? ಒಂದೇ ಅಳತೆಯ ಗಾಲಿಗಳ ಎರಡು ಗಾಡಿ ಜೊತೆಯಲ್ಲಿ ಹೋದರೆ, ನಟ್ಟಿನ ತೂತುಗಳೂ ಹೊಂದುವುದಾದರೆ, ಎರಡಕ್ಕೂ ಸೇರಿ ಒಂದು ಸ್ಟೆಪ್ನಿ ಸಾಕಾಗಬಹುದು.

ಮೂರು, ಗಾಡಿಯಲ್ಲಿ ಏನಿದೆ, ಬರುವಾಗ ಏನಿರಬಹುದು? ಹುಲ್ಲಿನ ಹೊರೆಯಾದರೆ ನಾಳೆ ಬಂದರೂ ನಡೆದೀತು. ಹಾಲು, ದನದ ಲಸಿಕೆ, ಗರ್ಭಿಣಿ, ರೋಗಿ ಇವಾದರೆ ನಾಳೆ ಎಂಬುದಿಲ್ಲ. ಹಳ್ಳಿಗೆ ಹೋದ ಗಾಡಿ ಯಾವ ಗಳಿಗೆಯಲ್ಲಿ ಆಸ್ಪತ್ರೆಯ ಗಾಡಿಯಾಗುತ್ತದೆಂದು ಹೇಳಬರುವುದಿಲ್ಲ.

ನಾಲ್ಕು, ಇರುವ ಸ್ಟೆಪ್ನಿ ಕೆಲಸಕ್ಕೆ ಬರುವಂಥದೇ? ಗಾಳಿಯಿಲ್ಲದ ಸ್ಟೆಪ್ನಿ ಬರಿಯ ಹೊರೆ. ತಿಂಗಳಿಗೊಮ್ಮೆ ಗಾಳಿ ನೋಡಿಸಿ. ಬಿಸಿಲಿನಲ್ಲಿ ತೂಗುವ ಟೈರು ಓಡದಿದ್ದರೂ ಮುಪ್ಪಾಗುತ್ತದೆ. ಪಕ್ಕೆಯಲ್ಲಿ ಬಿರುಕು ಬಿಟ್ಟಿದೆಯೇ ನೋಡಿ. ಟೈರಿನ ಪಕ್ಕೆಯಲ್ಲಿ ನಾಲ್ಕು ಅಂಕಿಗಳಿರುತ್ತವೆ. 2319 ಎಂದಿದ್ದರೆ 2019ನೆಯ ಇಸವಿಯ 23ನೆಯ ವಾರ ತಯಾರಾದದ್ದೆಂದು ಅರ್ಥ. ನಾಲ್ಕು ಗಾಲಿಗೂ ಎಳೆತವಿರುವ ಜೀಪಿಗೆ ಸ್ಟೆಪ್ನಿ ಉಳಿದವುಗಳ ಅಳತೆಯದೇ ಇರಬೇಕು. ಸಣ್ಣದನ್ನು ಹಾಕಿ ನಾಲ್ಕು ಗಾಲಿಯ ಎಳೆತದಲ್ಲಿ ಓಡಿಸಿದರೆ ಗೇರುಗಳಿಗೆ ಹಾನಿ.

ಗಾಲಿ ಇದ್ದರೆ ಸಾಲದು, ಹಾಕಲು ಬರಬೇಕು. ಕೆಸರಿನಲ್ಲಿ ಜಾಕು ಹೂತುಹೋಗುತ್ತದೆ. ಒಂದು ಅಡಿ ಚೌಕದ, ಎರಡು ಅಂಗುಲ ದಪ್ಪದ ಹಲಗೆಯನ್ನು ಗಾಡಿಯಲ್ಲಿಡಿ. ಕೈಬ್ರೇಕು ಎಳೆದು, ಬೇರೆ ಗಾಲಿಗಳಿಗೆ ಕಲ್ಲು ಕೊಡಿ. ಗಾಲಿ ನೆಲದ ಮೇಲಿರುವಾಗಲೇ ನಟ್ಟುಗಳನ್ನು ಸಡಿಲಿಸಿ, ಆಮೇಲೆ ಎತ್ತಿ. ಜಾಕಿನ ಮೇಲಿರುವ ಗಾಡಿಯ ಕೆಳಗೆ ಯಾರೂ ತೂರಬಾರದು. ಬಿಗಿಯುವಾಗ ಸಾಲಾಗಿ ಬಿಗಿಯದೆ ಎದುರುಬದುರಾಗಿ ಬಿಗಿಯಿರಿ. ಸ್ವಲ್ಪ ದೂರ ಓಡಿದ ಮೇಲೆ ಇನ್ನೊಮ್ಮೆ ಬಿಗಿ ನೋಡಿ. ಚಾಲಕನೊಬ್ಬನಿಗೇ ಇದು ತಿಳಿದಿದ್ದರೆ ಸಾಲದು. ಮನೆಯ ಹುಡುಗರೂ ಹೆಣ್ಣುಮಕ್ಕಳೂ ಒಂದು ದಿನ ಅಂಗಳದಲ್ಲೇ ಬಿಚ್ಚಿ ಹಾಕಿ ಕಲಿಯಲಿ.

ಒಟ್ಟು ನನ್ನ ಅಭಿಪ್ರಾಯವಿಷ್ಟು. ಊರೊಳಗೆ, ಟಾರು ರಸ್ತೆಯಲ್ಲಿ, ಫೋನು ಮುಟ್ಟುವ ಕಡೆ ಓಡಾಡುವವರು ಪೆಟ್ಟಿಗೆಯನ್ನು ನಂಬಬಹುದು. ಕಲ್ಲುದಾರಿಗೆ, ಕಾಡುದಾರಿಗೆ, ಕತ್ತಲಾಗುವ ಮುಂಚೆ ಸಹಾಯ ಸಿಗದ ಕಡೆಗೆ ಹೋಗುವವರು ಒಂದು ಮೂಟೆ ಕಡಮೆ ಹೇರಿಯಾದರೂ ಗಾಲಿಯನ್ನು ಒಯ್ಯಬೇಕು. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದಂತೆ ಆಗಬಾರದು.

ಆ ದಿನ ನಾನು ಉಳಿಸಿದ್ದು ಒಂದು ಮೂಟೆಯ ಇನ್ನೊಂದು ಬಾಡಿಗೆ. ಕಳೆದದ್ದನ್ನು ಆ ತಾಯಿಯ ಮನೆಯವರು ಬಲ್ಲರು. ಆಕೆ ಈಗ ಮನೆಯ ಕೆಲಸ ಮಾಡಿಕೊಂಡಿದ್ದಾಳೆ. ಗದ್ದೆಗೆ ಇಳಿಯುವಷ್ಟು ಶಕ್ತಿ ಇನ್ನೂ ಬಂದಿಲ್ಲ. ಮೊನ್ನೆ ಆ ಹಳ್ಳಿಗೆ ಹೋದಾಗ ಆಕೆಯ ಮಗಳು ಜೀಪಿನ ಹಿಂದೆ ಹೋಗಿ ಒಳಗೆ ಬಗ್ಗಿ ನೋಡಿ ಬಂದಳು. ಏನೂ ಮಾತನಾಡಲಿಲ್ಲ. ಗಾಲಿ ಅಲ್ಲಿತ್ತು.

ತಾವೂ ಈ ಸಂಜೆ ಮನೆಗೆ ಹೋದೊಡನೆ ತಮ್ಮ ಗಾಡಿಯ ಹಿಂಬದಿಯನ್ನು ಒಮ್ಮೆ ನೋಡಿರಿ. ಗಾಲಿ ಇದ್ದರೆ ಗಾಳಿ ಇದೆಯೇ ಎಂದು ಒತ್ತಿ ನೋಡಿರಿ. ಇಷ್ಟನ್ನು ಮಾಡಿದರೆ ನನ್ನ ಭಾಷಣ ಸಾರ್ಥಕ.